ದತ್ತಣ್ಣ ಯಾರ ಕಡೆ?

ಹಾಸ್ಟೆಲಿನಲ್ಲಿ ನಮಗೆ ಯಾರಿಗೂ ಸ್ವಂತ ಹೆಸರಿಲ್ಲ, ಊರೇ ಹೆಸರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ. ಹಗರಿಬೊಮ್ಮನಹಳ್ಳಿ ಅಂತ ಪೂರ್ತಿ ಕರೆಯೋಕೆ ಉಸಿರು ಸಾಲದೆ ಅವನು ಎಚ್‌ಬಿ ಆಗಿದ್ದಾನೆ. "ಲೇ ಕೊಟ್ಟೂರು, ಬಕೆಟ್ ಎಲ್ಲಿಟ್ಟೆ?" "ಹರಪನಹಳ್ಳಿ, ಲ್ಯಾಬ್ ರೆಕಾರ್ಡ್ ಬರೆದ್ಯಾ?" ಹೀಗೇ ನಮ್ಮ ದಿನ ಶುರುವಾಗೋದು. ಐದೂ ಈಗ ವಿಜಯನಗರ ಜಿಲ್ಲೆಯ ತಾಲೂಕುಗಳು. ಹರಪನಹಳ್ಳಿಯವನು ಹುಟ್ಟಿದ್ದು ದಾವಣಗೆರೆ ಜಿಲ್ಲೆಯಲ್ಲಿ, ನಡುವೆ ಸ್ವಲ್ಪ ದಿನ ಬಳ್ಳಾರಿ ಜಿಲ್ಲೆಯವನಾಗಿದ್ದ, 2021ರಿಂದ ವಿಜಯನಗರದವನು. ಮನೆ ಮಾತ್ರ ಇದ್ದಲ್ಲೇ ಇದೆ.

ನಾವು ಐದೂ ಜನ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡಿದ್ದೇವೆ, ಓದಿದ್ದು ಕಡಿಮೆ. ಆದ್ದರಿಂದ ಈ ಲೇಖನದಲ್ಲಿ ಒತ್ತಕ್ಷರ ತಪ್ಪಿದ್ದರೆ ಐದು ಜನಕ್ಕೂ ಸಮನಾಗಿ ಹಂಚಿ ಬೈಯಿರಿ.

ವಿಷಯ ಶುರುವಾಗಿದ್ದು ಕಳೆದ ಸೆಮಿಸ್ಟರಿನ ಒಂದು ಭಾನುವಾರ. ಲ್ಯಾಪ್‌ಟಾಪಿನಲ್ಲಿ 'ಮಿಷನ್ ಮಂಗಲ್' ಹಾಕಿಕೊಂಡು ಕೂತಿದ್ದೆವು. 2019ರ ಹಿಂದಿ ಸಿನಿಮಾ, ಮಂಗಳಯಾನದ ಕಥೆ. ಅಕ್ಷಯ್ ಕುಮಾರ್, ವಿದ್ಯಾ ಬಾಲನ್ ಎಲ್ಲ ಇದ್ದಾರೆ. ಅವರ ಟೀಮಿನಲ್ಲಿ ಅನಂತ ಅಯ್ಯಂಗಾರ್ ಅಂತ ಒಬ್ಬ ವಯಸ್ಸಾದ ಎಂಜಿನಿಯರ್. ಆ ಮುಖ ಬಂದ ತಕ್ಷಣ ಕೂಡ್ಲಿಗಿ ಎದ್ದು ಕೂತ. "ಲೇ, ಈ ಅಜ್ಜಾರು ನಮ್ಮ ಕಡೆಯೋರು. ದುರ್ಗದ ದತ್ತಣ್ಣ. ಇವರು ಟಿವಿಯಲ್ಲಿ ಬಂದ್ರೆ ನಮ್ಮವ್ವ ಮಿಕ್ಸಿ ಆಫ್ ಮಾಡ್ತಾಳೆ" ಅಂದ.

ಮಿಕ್ಸಿ ಆಫ್ ಮಾಡಿಸೋ ನಟ ಅಂದ್ರೆ ಸಣ್ಣವನಲ್ಲ. ಅಲ್ಲೇ ಹುಡುಕಿದೆವು. ಎಚ್.ಜಿ. ದತ್ತಾತ್ರೇಯ, 1942ರಲ್ಲಿ ಚಿತ್ರದುರ್ಗದಲ್ಲಿ ಹುಟ್ಟಿದವರು, 'ಪೋಷಕ ನಟ' ಅಂತ ಇತ್ತು. ಎಚ್‌ಬಿಗೆ ಡೌಟು. "ಪೋಷಕ ಅಂದ್ರೆ ಪೇರೆಂಟ್ಸ್ ಅಲ್ವೇನ್ರೋ? ಸ್ಕೂಲ್ ಡೈರಿಯಲ್ಲಿ 'ಪೋಷಕರ ಸಹಿ' ಅಂತ ಇರ್ತಿತ್ತಲ್ಲ?" ನಮಗೆಲ್ಲ ಆ ಪದ ಗೊತ್ತಿದ್ದದ್ದು ಅದೊಂದೇ ಜಾಗದಿಂದ. ಅಪ್ಪ ಅಮ್ಮನ ಪಾರ್ಟು ಮಾಡೋರಿಗೆ ಪೋಷಕ ನಟ ಅಂತಾರೆ ಅಂತ ಅವತ್ತು ನಾವೇ ತೀರ್ಮಾನ ಮಾಡಿಬಿಟ್ಟೆವು. ಆಮೇಲೆ ಕನ್ನಡ ಸಂಘದ ಸೀನಿಯರ್ ಒಬ್ಬರು ನಕ್ಕು ತಿದ್ದಿದರು. ಪೋಷಿಸುವವನು ಪೋಷಕ. ಕಥೆಯನ್ನೂ ಎದುರಿಗಿರುವ ನಟನನ್ನೂ ಸಾಕುವವನು. ಹಾಗೆ ನೋಡಿದರೆ ಎಚ್‌ಬಿ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ.

ಅಲ್ಲಿಂದ 'ಮಾಯಾಮೃಗ'ಕ್ಕೆ ಹೋದೆವು. 1998ರಲ್ಲಿ ದೂರದರ್ಶನ ಚಂದನದಲ್ಲಿ ಬರುತ್ತಿದ್ದ ಧಾರಾವಾಹಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ್ದು. ಆಗ ನಾವು ಹುಟ್ಟೇ ಇರಲಿಲ್ಲ. ಹಳೇ ಪ್ರಿಂಟು, ಮಸುಕು ಬಣ್ಣ, ಬಾಗಿಲು ತೆಗೆಯೋಕೇ ಅರ್ಧ ನಿಮಿಷ. ನಾವು ಲೆಕ್ಚರ್ ವಿಡಿಯೋ ನೋಡೋ ಹಾಗೆ ಒಂದೂವರೆ ಪಟ್ಟು ಸ್ಪೀಡಿನಲ್ಲಿ ಇಟ್ಟೆವು. ಬೇರೆಯವರ ಸೀನುಗಳು ಹೇಗೋ ಓಡಿದವು. ದತ್ತಣ್ಣ ಬಂದಾಗ ಮಾತ್ರ ಏನೋ ಕೆಡುತ್ತಿತ್ತು. ಆಮೇಲೆ ಹೊಳೆಯಿತು, ಅವರು ಮಾತು ಮತ್ತು ಮಾತಿನ ನಡುವೆ ಸುಮ್ಮನಿರುತ್ತಾರಲ್ಲ, ಸ್ಪೀಡ್ ಮಾಡಿದರೆ ಆ ಜಾಗವೇ ಮಾಯ. ನಾರ್ಮಲ್‌ಗೆ ತಂದು ನೋಡಿದೆವು. ಮೆಸ್ಸಿಗೆ ಹೋಗೋದು ತಡವಾಗಿ ಅವತ್ತು ಬರೀ ಅನ್ನ ಸಾರು ಸಿಕ್ಕಿತು.

ಆ ವಾರ ಎಲ್ಲರ ಮನೆಗೂ ಫೋನ್ ಹೋಯಿತು. ಕೂಡ್ಲಿಗಿಯ ಅವ್ವ ಆಗಿನ್ನೂ ಮದುವೆಯಾಗದ ಹುಡುಗಿ. ಅವರ ಓಣಿಗೆ ಒಂದೇ ಟಿವಿ, ಅದೂ ಪಕ್ಕದ ಮನೆಯದು. ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬರು ಮಾಳಿಗೆ ಹತ್ತಿ "ಬಂತಾ? ಬಂತಾ?" ಅಂತ ಕೂಗಬೇಕು. ಹತ್ತಿದವರಿಗೆ ಅವತ್ತಿನ ಕಥೆ ತಪ್ಪುತ್ತಿತ್ತು, ಉಳಿದವರು ಆಮೇಲೆ ಹೇಳಬೇಕು. "ಎಲ್ಲಾರಿಗಿಂತ ಜಾಸ್ತಿ ನಾನೇ ಹತ್ತಿದ್ದು, ನಾನೇ ಸಣ್ಣಾಕಿ" ಅಂದರು ಅವ್ವ. ಅವರು ಅರ್ಧ ಮಾಯಾಮೃಗವನ್ನು ಕಿವಿಯಲ್ಲೇ ಕೇಳಿದ್ದಾರೆ. ಈಗ ಮಗ ಲಿಂಕ್ ಕಳಿಸಿದ್ದಾನೆ, ತಪ್ಪಿದ್ದನ್ನು ಒಂದೊಂದಾಗಿ ನೋಡುತ್ತಿದ್ದಾರೆ.

ಎಚ್‌ಬಿಯ ಅಪ್ಪನದು ಕಿರಾಣಿ ಅಂಗಡಿ. ಅವರಿಗೆ ಧಾರಾವಾಹಿ ನೆನಪಿಲ್ಲ, ನೆನಪಿರುವುದು 2012ರ 'ಭಾರತ್ ಸ್ಟೋರ್ಸ್'. ಶೇಷಾದ್ರಿಯವರದೇ ಸಿನಿಮಾ. ದೊಡ್ಡ ಮಾಲ್‌ಗಳು ಬಂದು ಒಬ್ಬ ಶೆಟ್ಟರ ಅಂಗಡಿ ಮುಳುಗುವ ಕಥೆ, ದತ್ತಣ್ಣನೇ ಅಂಗಡಿಯ ಯಜಮಾನ. "ಮಗಾ, ಅದನ್ನ ನಾನು ಒಂದೇ ಸಲ ನೋಡಿದ್ದು. ಎರಡನೇ ಸಲ ನೋಡೋಕೆ ಧೈರ್ಯ ಬರಲಿಲ್ಲ" ಅಂದರಂತೆ. ಎಚ್‌ಬಿ ಇದನ್ನು ನಮಗೆ ಹೇಳಿ ಸುಮ್ಮನಾದ. ಅದರ ಹಿಂದಿನ ವಾರವಷ್ಟೇ ಆನ್‌ಲೈನಿನಲ್ಲಿ ಐದು ಕೆಜಿ ರವೆ ಎಷ್ಟು ಸೋವಿ ಅಂತ ಅವನೇ ನಮಗೆ ತೋರಿಸಿದ್ದ.

ಇನ್ನು ಕೊಟ್ಟೂರು. ಈ ಬರಹ ನಿಜವಾಗಿ ಅವನದು.

ಅವನು ಚಿಕ್ಕಂದಿನಿಂದ ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ಬರುವ ಕಂಪನಿ ನಾಟಕಗಳನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದವನು. ನಡುರಾತ್ರಿ ಎಬ್ಬಿಸಿದರೂ ಹಾಸ್ಯಗಾರನ ಪಾರ್ಟು ಮಾಡಿ ತೋರಿಸ್ತಾನೆ. ಗಣಿತದಲ್ಲಿ ಮಾತ್ರ ಎರಡು ಸೆಮಿಸ್ಟರಿನದೂ ಬ್ಯಾಕ್ ಉಳಿದಿದೆ. ಎರಡನೇ ರಿಸಲ್ಟ್ ಬಂದ ರಾತ್ರಿ ಅವನು ಬ್ಯಾಗ್ ತುಂಬಿದ. ಎಂಜಿನಿಯರಿಂಗ್ ಬಿಟ್ಟು ನಾಟಕಕ್ಕೆ ಹೋಗ್ತೀನಿ, ಬೆಳಿಗ್ಗೆ ಮೊದಲ ಬಸ್ಸಿಗೇ ಅಂದ. ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆವು. ಲ್ಯಾಬ್ ಕೋಟನ್ನು ಕಸದ ಬುಟ್ಟಿಗೆ ಹಾಕಿದಾಗ ಅಲ್ಲ ಅಂತ ಗೊತ್ತಾಯಿತು.

ಮೊದಲು ಮನೆಗೆ ಹೇಳು, ನಾವು ಸಪೋರ್ಟ್ ಮಾಡ್ತೀವಿ ಅಂದೆವು. ನಮ್ಮ ಹತ್ತಿರ ಒಂದೇ ಅಸ್ತ್ರ ಇತ್ತು, ದತ್ತಣ್ಣ. ಹಡಗಲಿಯನ್ನು ವಕೀಲ ಮಾಡಿದೆವು. ಎಂ.ಪಿ. ಪ್ರಕಾಶ್ ಅವರು ರಂಗಭಾರತಿ ಕಟ್ಟಿದ ಊರಿನವನು, ನಾಟಕದ ಪರ ಮಾತಾಡೋಕೆ ಅವನಿಗಿಂತ ಬೇರೆ ಯಾರು? ಫೋನ್ ಸ್ಪೀಕರಿಗೆ ಹಾಕಿದೆವು.

"ಅಂಕಲ್, ದತ್ತಣ್ಣನೋರೂ ಎಂಜಿನಿಯರೇ. ಆದ್ರೂ ನಟ ಆದ್ರು. ನ್ಯಾಷನಲ್ ಅವಾರ್ಡ್ ಬಂತು."

"ಯಾವ ದತ್ತಣ್ಣ? ಮಾಯಾಮೃಗದೋರಾ?"

"ಹೌದು ಅಂಕಲ್." ನಮಗೆ ಗೆದ್ದ ಹಾಗಾಯಿತು.

"ತಮ್ಮಾ, ಅವರು ಎಸ್ಸೆಸ್ಸೆಲ್ಸಿಯೊಳಗ ರಾಜ್ಯಕ್ಕ ಫಸ್ಟ್ ರ್‍ಯಾಂಕ್ ಬಂದೋರು. ಎಂಜಿನಿಯರಿಂಗ್ ಮುಗಿಸಿ ಏರ್‌ಫೋರ್ಸಿನೊಳಗ ಇಪ್ಪತ್ತು ವರ್ಷದ ಮ್ಯಾಲೆ ದುಡಿದಾರ. ಆಮ್ಯಾಲೆ ಎಚ್‌ಎಎಲ್. ಸಿನಿಮಾಕ್ಕ ಬಂದಾಗ ವಯಸ್ಸು ನಲವತ್ತೈದರ ಸುತ್ತಮುತ್ತ. ನಿಮ್ಮ ಗೆಳೆಯಾಗ ಮೊದಲು ಗಣಿತ ಪಾಸಾಗಂತ ಹೇಳ್ರಿ."

ನಮ್ಮ ಅಸ್ತ್ರ ತಿರುಗಿ ನಮಗೇ ಬಿತ್ತು. ಎಲ್ಲವೂ ನಿಜ. ನಾವು ಓದಿದ್ದೂ ಅದನ್ನೇ, ನಮಗೆ ಬೇಕಾದ ಅರ್ಧ ಮಾತ್ರ ಎತ್ತಿಕೊಂಡಿದ್ದೆವು. ಅಪ್ಪಾಜಿ ಇನ್ನರ್ಧ ಎತ್ತಿಕೊಂಡಿದ್ದರು. ವಾಯುಪಡೆಯಲ್ಲಿದ್ದಾಗಲೇ ದತ್ತಣ್ಣ ಹವ್ಯಾಸಿ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದರು, ಅದನ್ನು ಅವರು ಹೇಳಲಿಲ್ಲ. ಅಣ್ಣ ಸೋಮಶೇಖರ ರಾವ್ ಕೂಡ ಬ್ಯಾಂಕಿನ ಕೆಲಸದಲ್ಲಿದ್ದುಕೊಂಡೇ ನಟನೆ ಮಾಡಿದವರು, ಅದನ್ನು ನಾವು ಹೇಳಲಿಲ್ಲ. ದತ್ತಣ್ಣ ಯಾರ ಕಡೆ ಅನ್ನೋದೇ ಇತ್ಯರ್ಥವಾಗದೆ ಫೋನಿನ ಎರಡೂ ಕಡೆ ದನಿ ಏರಿತು.

ಅಷ್ಟರಲ್ಲಿ ಕೊಟ್ಟೂರಿನ ಅಜ್ಜಿ ಫೋನ್ ಕಸಿದುಕೊಂಡರು. "ಯಾರ ಸುದ್ದಿ, ದತ್ತಣ್ಣನ್ದಾ? ಏನ್ ಚಂದ ಕೇಳ್ತಾನೋ ಯಪ್ಪಾ ಆತ!"

"ಚಂದ ಮಾಡ್ತಾರೆ ಅಂತೀಯೇನಜ್ಜಿ?" ಅಂದ ಕೊಟ್ಟೂರು.

"ಅಲ್ಲೋ, ಕೇಳ್ತಾನ. ಎದುರಿಗಿರೋರು ಮಾತಾಡಿ ಮುಗಿಸೋತನ ಅವರ ಮಾರಿ ನೋಡ್ಕೊಂತ ಕೇಳ್ತಾನ. ಆಮ್ಯಾಲೆ ಒಂದ್ ಮಾತಾಡ್ತಾನ. ನೀವು ಅಪ್ಪ ಮಗ ಒಬ್ಬರ ಮ್ಯಾಲೊಬ್ಬರು ಬಿದ್ದು ಮಾತಾಡಾಕತ್ತೀರಿ. ಕೇಳೋರು ಯಾರು?"

ಐದು ಜನ ಇದ್ದ ರೂಮು ತಣ್ಣಗಾಯಿತು. ಆ ಕಡೆಯೂ ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಅಪ್ಪಾಜಿ ಕೇಳಿದರು, "ಗಣಿತದೊಳಗ ಏನು ತಿಳಿಯಂಗಿಲ್ಲ ನಿಂಗ?"

ಎರಡು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಪಕ್ಕದ ಮಂಚದಲ್ಲಿ ಮಲಗುವ ನಾವೂ ಕೇಳಿರಲಿಲ್ಲ. "ಬ್ಯಾಕ್ ಕಿಂಗ್" ಅಂತ ರೇಗಿಸಿದ್ದೆವು ಅಷ್ಟೆ. ಅವನು ಹೇಳಿದ, ಪಿಯುಸಿಯಲ್ಲಿ ಇಂಟಿಗ್ರೇಷನ್ ಸರಿಯಾಗಿ ಹತ್ತಲಿಲ್ಲ, ಇಲ್ಲಿ ಎಲ್ಲವೂ ಅದರ ಮೇಲೇ ನಿಂತಿದೆ, ಕೇಳಿದರೆ ನಗ್ತಾರೆ ಅಂತ ಹಿಂದಿನ ಬೆಂಚಿಗೆ ಹೋದೆ. ಇಷ್ಟೇ. ನಾಟಕದ ಹುಚ್ಚು ಅವನಿಗೆ ನಿಜವಾಗಿಯೂ ಇದೆ. ಆದರೆ ಅವತ್ತು ಬ್ಯಾಗ್ ತುಂಬಿಸಿದ್ದು ನಾಟಕ ಅಲ್ಲ, ನಾಚಿಕೆ.

ಆಮೇಲೆ ನಡೆದದ್ದು ದೊಡ್ಡದೇನಲ್ಲ. ಎಚ್‌ಬಿ ದಿನಾ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಪಿಯುಸಿ ಪುಸ್ತಕದಿಂದಲೇ ಹೇಳಿಕೊಟ್ಟ. ಅಂಗಡಿ ಲೆಕ್ಕ ಮಾಡಿದ ಕೈ, ತಾಳ್ಮೆ ಜಾಸ್ತಿ. ಕನ್ನಡ ಸಂಘದ ನಾಟಕ ಬಿಡಬೇಡ ಅಂತ ಅಪ್ಪಾಜಿಯೇ ಹೇಳಿದರು, ದೊಡ್ಡ ಪಾರ್ಟು ಬೇಡ ಅನ್ನೋ ಷರತ್ತಿನ ಮೇಲೆ. ಅವನಿಗೆ ಸಿಕ್ಕಿದ್ದು ಪೋಸ್ಟ್‌ಮ್ಯಾನ್, ಮೂರೇ ಮಾತು. ಮೊದಲಾಗಿದ್ದರೆ ಆ ಮೂರರಲ್ಲೇ ಕುಣಿದು ಚಪ್ಪಾಳೆ ಗಿಟ್ಟಿಸುತ್ತಿದ್ದ. ಈ ಸಲ ಕಾಗದ ಓದುವ ಮುದುಕಿಯನ್ನೇ ನೋಡುತ್ತಾ ನಿಂತ. ಇಡೀ ಆಡಿಟೋರಿಯಂ ಮುದುಕಿಯನ್ನು ನೋಡಿತು. ಅವನು ಹೊರಗೆ ಹೋದದ್ದನ್ನು ನಾವು ನಾಲ್ವರು ಬಿಟ್ಟರೆ ಬೇರೆ ಯಾರೂ ಗಮನಿಸಲಿಲ್ಲ ಅನ್ಸುತ್ತೆ.

ದತ್ತಣ್ಣನಿಗೆ 'ಮುನ್ನುಡಿ' ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು 2000ದ ಸಾಲಿನ ಅತ್ಯುತ್ತಮ ಪೋಷಕ ನಟ ಅಂತ. 'ಮೌನಿ', 'ಬೆಟ್ಟದ ಜೀವ', 'ನೀರ್‌ದೋಸೆ' ಅಂತ ನಮ್ಮ ಪಟ್ಟಿ ಇನ್ನೂ ಮುಗಿದಿಲ್ಲ. ನೀವೂ ನೋಡಿ. ನೋಡುವಾಗ ಎರಡು ಕೆಲಸ ಮಾಡಿ. ಸ್ಪೀಡ್ ನಾರ್ಮಲ್ ಇಟ್ಟುಕೊಳ್ಳಿ. ಮುಗಿದ ಮೇಲೆ ಮನೆಗೊಂದು ಫೋನ್ ಮಾಡಿ, ನಿಮಗೆ ಗೊತ್ತಿಲ್ಲದ ಮಾಳಿಗೆಯ ಕಥೆ ಅಲ್ಲೂ ಒಂದು ಇರಬಹುದು.

ಕೊಟ್ಟೂರು ಎರಡೂ ಪೇಪರ್ ಬರೆದಿದ್ದಾನೆ. ರಿಸಲ್ಟ್ ಇನ್ನೂ ಬಂದಿಲ್ಲ. ಲ್ಯಾಬ್ ಕೋಟು ಒಗೆದು ಇಟ್ಟಿದ್ದಾನೆ.