ಕದಿರು, ಕಡ್ಡಿ, ಸೂಜಿ

ನಮ್ಮ ಮನೆಯಲ್ಲಿ ದಾರವಿಲ್ಲದ ಕೋಣೆಯಿಲ್ಲ. ನಡುಮನೆಯ ಕಿಟಕಿಯ ಕೆಳಗೆ ಪೆಟ್ಟಿಗೆ ಚರಕ, ಮಂಚದ ತಲೆಗಡೆ ಬುಟ್ಟಿಯಲ್ಲಿ ಉಲ್ಲನ್ ಉಂಡೆ ಮತ್ತು ಹೆಣಿಗೆಯ ಕಡ್ಡಿಗಳು, ಹಿತ್ತಲ ಬಾಗಿಲ ಪಕ್ಕದ ಪುಟ್ಟ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ನೂಲುತ್ತೇನೆ, ಹೆಣೆಯುತ್ತೇನೆ, ತಂಗಿಯ ಮಗಳ ಭರತನಾಟ್ಯಕ್ಕೆ ಉಡುಪು ಹೊಲಿಯುತ್ತೇನೆ. ಮನೆಗೆ ಬಂದವರು ಮೂರನ್ನೂ ನೋಡಿ ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: "ಮಾರ್ತೀರಾ?" ಇಲ್ಲ ಎಂದರೆ, "ಮತ್ತೆ ಇಷ್ಟೊಂದು ಕಷ್ಟ ಯಾಕೆ?" ಅಂಗಡಿಯಲ್ಲಿ ದಾರ ಸಿಗುತ್ತದೆ, ಸ್ವೆಟರ್ ಸಿಗುತ್ತದೆ, ನಾಟ್ಯದ ಉಡುಪು ದಿನದ ಬಾಡಿಗೆಗೂ ಸಿಗುತ್ತದೆ. ಎಲ್ಲವೂ ನಿಜ. ಆದರೂ ಈ ಮೂರು ಕೆಲಸಗಳು ನನಗೆ ಬೇರೆ ಬೇರೆಯಾಗಿ ಕಂಡಿಲ್ಲ. ಮೂರರಲ್ಲೂ ಇರುವುದು ದಾರದ ಹುರಿ. ಹುರಿ ಬೆರಳಿಗೆ ಗೊತ್ತಾದರೆ ಬಟ್ಟೆ ಎಲ್ಲಿ ಬಿಗಿಯುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಅರಳುತ್ತದೆ ಎಂಬುದೂ ಗೊತ್ತಾಗುತ್ತದೆ. ಕುಣಿಯುವ ಮೈಗೆ ಬಟ್ಟೆ ಹೊಲಿಯುವವರಿಗೆ ಇದಕ್ಕಿಂತ ಬೇಕಾದ ವಿದ್ಯೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ನಾನು ಓದಿದ ಶಾಲೆಯಲ್ಲಿ ತಕಲಿಯ ಪಿರಿಯಡ್ ಇತ್ತು. ಒಂದು ಹಿತ್ತಾಳೆ ಬಿಲ್ಲೆ, ಅದರ ನಡುವೆ ತುದಿಯಲ್ಲಿ ಕೊಕ್ಕೆಯಿರುವ ಉಕ್ಕಿನ ಕಡ್ಡಿ, ಜೊತೆಗೆ ಅರಳೆಯನ್ನು ಹಿಂಜಿ ಸುತ್ತಿದ ಹಂಜಿ. ಬಲಗೈಯ ಹೆಬ್ಬೆರಳು, ತೋರುಬೆರಳು ಸೇರಿ ತಕಲಿಯನ್ನು ತಿರುಗಿಸಿದರೆ ಎಡಗೈ ಹಂಜಿಯನ್ನು ಹಿಡಿದು ಮೇಲಕ್ಕೆ ಹೋಗಬೇಕು. ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಎನ್ನುವುದನ್ನು ಯಾವ ಮೇಷ್ಟರೂ ಬಾಯಲ್ಲಿ ಹೇಳಿಕೊಡಲಾರರು. ಹುರಿಗೆ ಒಂದು ಸ್ವಭಾವವಿದೆ: ಅದು ಮೊದಲು ತೆಳುವಾದ ಕಡೆಗೆ ಓಡುತ್ತದೆ. ದಪ್ಪಗಿರುವ ಕಡೆ ಹುರಿ ಕಡಿಮೆ, ಎಳೆಗಳು ಇನ್ನೂ ಸಡಿಲ. ಆ ಜಾಗವನ್ನು ಎರಡು ಕೈಯ ನಡುವೆ ಹಿಡಿದು ಮೆಲ್ಲಗೆ ಎಳೆದರೆ ಅದು ತೆಳುವಾಗುತ್ತದೆ, ಆಗ ಹುರಿ ಅಲ್ಲಿಗೂ ಬರುತ್ತದೆ. ನೂಲು ಸಮವಾಗುವ ಗುಟ್ಟು ಇಷ್ಟೇ. ಹೇಳಲು ಎರಡು ವಾಕ್ಯ, ಬೆರಳಿಗೆ ಇಳಿಯಲು ವರ್ಷಗಳು.

ಹತ್ತಿಯಲ್ಲೂ ಒಂದೊಂದಕ್ಕೆ ಒಂದೊಂದು ಗುಣ. ಧಾರವಾಡದ ಕಡೆಯ ಜಯಧರ ಹತ್ತಿಯ ಎಳೆ ಗಿಡ್ಡ. ಅದಕ್ಕೆ ಹುರಿ ಹೆಚ್ಚು ಬೇಕು, ನೂಲು ಸ್ವಲ್ಪ ದಪ್ಪವೇ ಬರುತ್ತದೆ. ಅದೇ ಧಾರವಾಡದಲ್ಲಿ ಹುಟ್ಟಿದ ಡಿಸಿಎಚ್-32 ತಳಿಯ ಎಳೆ ಬಹಳ ಉದ್ದ, ಕಡಿಮೆ ಹುರಿಗೇ ನಿಲ್ಲುತ್ತದೆ, ಸಣ್ಣ ನೂಲಿಗೆ ಹೇಳಿಮಾಡಿಸಿದ್ದು. ಕಣ್ಣುಮುಚ್ಚಿ ನೂತರೂ ಯಾವುದು ಯಾವುದೆಂದು ಬೆರಳೇ ಹೇಳುತ್ತದೆ. ಕಲಿಯುವವರಿಗೆ ನಾನು ಜಯಧರವನ್ನೇ ಕೊಡುತ್ತೇನೆ. ಗಿಡ್ಡ ಎಳೆ ಕೈಯನ್ನು ಎಚ್ಚರವಾಗಿಡುತ್ತದೆ.

ಸಮವಾದ ನೂಲಿಗೆ ಒಮ್ಮೆ ಈ ದೇಶದಲ್ಲಿ ಎಂಥ ಬೆಲೆ ಇತ್ತೆಂಬುದನ್ನು ಇಂದಿನವರಿಗೆ ಹೇಳಲೇಬೇಕು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಸದಸ್ಯತ್ವದ ಚಂದಾವನ್ನು ದುಡ್ಡಿನಿಂದ ನೂಲಿಗೆ ಬದಲಿಸಿತು. ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು, ಅದೂ ಸಮವಾಗಿ ನೂತದ್ದು. ವಕೀಲರೂ ಜಮೀನುದಾರರೂ ಹಂಜಿ ಹಿಡಿದು ಕೂರಬೇಕು, ಇಲ್ಲವೇ ಬೇರೆಯವರು ನೂತದ್ದನ್ನಾದರೂ ತಂದು ಕೊಡಬೇಕಾಯಿತು. ಮರುವರ್ಷವೇ ನಿಯಮ ಸಡಿಲವಾಯಿತು, ಅದು ಬೇರೆ ಕಥೆ. ನನ್ನ ಮನಸ್ಸು ನಿಲ್ಲುವುದು ಆ ಸಮವೆಂಬ ಷರತ್ತಿನ ಮೇಲೆ. ಉದ್ದವನ್ನು ಆತುರದಿಂದಲೂ ಮುಗಿಸಬಹುದು. ಸಮವಾಗಿ ನೂಲಲು ಆತುರ ಬಿಡಲೇಬೇಕು. ಮುಂದೆ ಯರವಡಾ ಜೈಲಿನಲ್ಲಿದ್ದಾಗ ಗಾಂಧೀಜಿ ರೂಪಿಸಿದ, ಮಡಿಸಿದರೆ ಪೆಟ್ಟಿಗೆಯಾಗುವ ಚರಕವೇ ನನ್ನ ಕಿಟಕಿಯ ಕೆಳಗಿರುವುದು. ದೊಡ್ಡ ಗಾಲಿ ಒಮ್ಮೆ ತಿರುಗಿದರೆ ಕದಿರು ಹತ್ತಾರು ಸುತ್ತು ತಿರುಗುತ್ತದೆ. ತಕಲಿಯಲ್ಲಿ ಒಂದು ಸಂಜೆ ಹಿಡಿಯುವ ನೂಲು ಇದರಲ್ಲಿ ಬೇಗ ಲಡಿಯಾಗುತ್ತದೆ.

ಆದರೆ ಬಟ್ಟೆಯ ಲೆಕ್ಕ ದೊಡ್ಡದು. ಇಂಚಿಗೆ 40 ಎಳೆಯ ಸಾಧಾರಣ ಖಾದಿಯನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದದ ತುಂಡಿಗೆ ಹಾಸು ಹೊಕ್ಕು ಎರಡೂ ಸೇರಿ ಮೂರು ಕಿಲೋಮೀಟರಿಗೂ ಹೆಚ್ಚು ನೂಲು ಬೇಕು. ಮನೆಯಲ್ಲಿ ಮಗ್ಗವಿಲ್ಲದ, ಸಂಜೆ ಒಂದಿಷ್ಟು ಹೊತ್ತು ನೂಲುವ ನನ್ನಂಥವರಿಗೆ ಇದು ದೂರದ ಮಾತು. ಹೆಣಿಗೆಗೆ ನಾನು ಬಂದದ್ದು ಈ ದಾರಿಯಲ್ಲಿ. ಮಗುವಿನ ಟೋಪಿಗೆ ನೂರು, ನೂರೈವತ್ತು ಮೀಟರ್ ಜೋಡಿ ನೂಲು ಸಾಕು. ಎರಡು ಕಡ್ಡಿ ಇದ್ದರೆ ಮಗ್ಗವೂ ಬೇಡ, ಹಾಸು ಕಟ್ಟುವುದೂ ಬೇಡ.

ಇಲ್ಲಿಯೂ ಹುರಿಯದೇ ಆಟ. ಕದಿರಿನಿಂದ ಇಳಿದ ಒಂಟಿ ಎಳೆಯನ್ನು ಹಾಗೇ ಹೆಣೆದರೆ ಹೆಣಿಗೆ ನೆಟ್ಟಗೆ ನಿಲ್ಲುವುದಿಲ್ಲ, ಒಂದು ಪಕ್ಕಕ್ಕೆ ವಾಲುತ್ತದೆ. ಎಳೆಯೊಳಗಿನ ಹುರಿ ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ, ಪ್ರತಿಯೊಂದು ಕುಣಿಕೆಯನ್ನೂ ತನ್ನ ಕಡೆಗೆ ತಿರುಚುತ್ತದೆ. ಅದಕ್ಕೆ ಮದ್ದು ಎರಡೆಳೆ ಸೇರಿಸಿ ಎದುರು ದಿಕ್ಕಿಗೆ ಹೊಸೆಯುವುದು. ಬಲಕ್ಕೆ ನೂತದ್ದನ್ನು ಎಡಕ್ಕೆ ಹುರಿ ಮಾಡಿದರೆ ಎರಡು ಬಲಗಳೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಆ ದಾರದ ಒಂದು ಮೊಳವನ್ನು ಸಡಿಲವಾಗಿ ಜೋಲಿ ಬಿಟ್ಟು ನೋಡಿ, ಮುರುಟಿಕೊಳ್ಳದೆ ಸುಮ್ಮನೆ ತೂಗುತ್ತದೆ. ಹೊಲಿಗೆ ಯಂತ್ರದ ದಾರದ ಹುರಿಯಾದರೋ ಇದಕ್ಕೆ ತಿರುವುಮುರುವು, ಏಕೆಂದರೆ ಯಂತ್ರ ಹೊಲಿಗೆ ಹಾಕುವಾಗ ದಾರವನ್ನು ತಾನೇ ಒಂದು ದಿಕ್ಕಿಗೆ ತಿರುಗಿಸುತ್ತದೆ. ತಪ್ಪು ಹುರಿಯ ದಾರ ಸೂಜಿಯ ಬಳಿ ಬಿಚ್ಚಿಕೊಂಡು ತುಂಡಾಗುತ್ತದೆ. ಹೆಣಿಗೆಯ ದಾರದಲ್ಲಿ ಹೊಲಿಯಬಾರದು ಎಂದು ಹಿರಿಯ ಟೈಲರುಗಳು ಹೇಳುವುದರ ಹಿಂದೆ ಈ ಕಾರಣವೂ ಉಂಟು.

ಉಣ್ಣೆಯ ವಿಷಯದಲ್ಲಿ ನಮ್ಮ ನಾಡಿನ ದಾರಿ ಬೇರೆ. ದಖನಿ ಕುರಿಯ ಉಣ್ಣೆ ಒರಟು. ಅದು ಸ್ವೆಟರಿಗಲ್ಲ, ಕಂಬಳಿಗೆ. ಕುರುಬರ ಹೆಣ್ಣುಮಕ್ಕಳು ಅದನ್ನು ರಾಟೆಯಲ್ಲಿ ನೂತು, ಹುಣಸೆಬೀಜದ ಗಂಜಿ ಉಣಿಸಿ ಗಟ್ಟಿ ಮಾಡುತ್ತಾರೆ. ಆ ಗಂಜಿ ಕುಡಿದ ಕಂಬಳಿಯ ಮೇಲೆ ಬಿದ್ದ ಮಳೆಹನಿ ಜಾರಿಹೋಗುವುದನ್ನು ನೋಡಿದವರಿಗೆ ಪ್ಲಾಸ್ಟಿಕ್ ಕೊಪ್ಪೆಯ ಮೇಲೆ ಗೌರವ ಉಳಿಯುವುದಿಲ್ಲ. ನಮ್ಮ ಮೈಸೂರಿನ ಹವೆಗೆ ಕೂಸಿನ ತಲೆಗೆ ನೂಲಿನ ಟೋಪಿಯೇ ಹಿತ. ಉಲ್ಲನ್ ಏನಿದ್ದರೂ ಮಡಿಕೇರಿ, ಚಿಕ್ಕಮಗಳೂರಿನ ನೆಂಟರಿಗೆ.

ಹೆಣಿಗೆಯಲ್ಲಿ ಬೇಡವೆನಿಸಿದ್ದನ್ನು ಎಳೆದು ಬಿಚ್ಚಬಹುದು. ಕತ್ತರಿ ಆಡಿಸಿದ ರೇಷ್ಮೆ ಮತ್ತೆ ಕೂಡುವುದಿಲ್ಲ. ಅದಕ್ಕೇ ನಾಟ್ಯದ ಉಡುಪಿಗೆ ಕೂರುವಾಗ ನಾನು ಮೊದಲು ಉಡುವವಳನ್ನು ಕುಣಿಯಲು ಹೇಳುತ್ತೇನೆ, ಆಮೇಲೆ ಟೇಪು ಹಿಡಿಯುತ್ತೇನೆ.

ಭರತನಾಟ್ಯದ ಹೊಲಿದ ಉಡುಪು ಬಹಳ ಹಳೆಯದಲ್ಲ. 1935ರ ಡಿಸೆಂಬರಿನಲ್ಲಿ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯಲ್ಲಿ ರುಕ್ಮಿಣಿದೇವಿ ಅರುಂಡೇಲ್ ರಂಗವೇರಿದರು. ಮರುವರ್ಷ ಕಲಾಕ್ಷೇತ್ರ ಹುಟ್ಟಿತು. ಇಂದು ನಾವು ಕಾಣುವ ಹೊಲಿದ ಉಡುಪಿನ ರೂಪ ಬೆಳೆದದ್ದು ಆ ಕಾಲದಲ್ಲಿ. ಅವರಿಗೆ ಅಡ್ಯಾರಿನಲ್ಲಿದ್ದ ಇಟಲಿಯ ದರ್ಜಿ ಹೆಂಗಸೊಬ್ಬರ ನೆರವಿತ್ತು. ಕಲಾಕ್ಷೇತ್ರ ನೇಯ್ಗೆಯ ವಿಭಾಗವನ್ನೂ ತೆರೆಯಿತು. ನಾಟ್ಯ ಕಲಿಸುವ ಸಂಸ್ಥೆಗೆ ಮಗ್ಗವೂ ಬೇಕೆಂದು ಕಂಡವರ ವಿವೇಕ ದೊಡ್ಡದು. ಹೊಲಿದ ಉಡುಪು ಬರುವ ಮೊದಲು ನರ್ತಕಿಯರು ಸೀರೆಯನ್ನೇ ಕಟ್ಟಿ ಕುಣಿಯುತ್ತಿದ್ದರು. ನಮ್ಮ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು ಅರಮನೆಯಲ್ಲಿ ನರ್ತಿಸಿದ ಪರಂಪರೆಯೂ ಸೀರೆಯದೇ. ಕರಾವಳಿಯ ಯಕ್ಷಗಾನದಲ್ಲಿ ಇಂದಿಗೂ ಕಟ್ಟುವುದೇ ಹೆಚ್ಚು: ಕಸೆ ಸೀರೆ ಕಟ್ಟಬೇಕು, ಮುಂಡಾಸು ಸುತ್ತಬೇಕು, ಪ್ರತಿ ರಾತ್ರಿ ಹೊಸದಾಗಿ. ಕಟ್ಟಿದ ಉಡುಪು ಮೈಯನ್ನು ಪ್ರತಿ ಸಲ ಹೊಸದಾಗಿ ಅರಿಯುತ್ತದೆ. ಹೊಲಿದದ್ದು ಹೊಲಿದ ದಿನ ಮಾತ್ರ. ಆ ಒಂದು ದಿನದ ಅರಿವು ಪೂರ್ತಿಯಾಗಿರಬೇಕು ಎಂಬುದೇ ನನ್ನ ಹಟ.

ಒಂದು ಸೀರೆಯಿಂದ ಪ್ಯಾಂಟ್, ಮುಂದೆ ಬಿಚ್ಚಿಕೊಳ್ಳುವ ನೆರಿಗೆಯ ಫ್ಯಾನ್, ಹಿಂಬದಿಯ ಸೀಟ್, ರವಿಕೆ, ಎದೆಯ ಮೇಲಿನ ದಾವಣಿ ಇಷ್ಟೂ ಹೊರಡಬೇಕು. ಅಂಚು ಎಲ್ಲಿ ಬರಬೇಕು, ಸೆರಗು ಯಾವುದಕ್ಕೆ ಹೋಗಬೇಕು ಎಂದು ಸೀರೆಯನ್ನು ನೆಲದ ಮೇಲೆ ಹಾಸಿ ಒಂದು ದಿನವೆಲ್ಲ ನೋಡುತ್ತೇನೆ. ಸೆರಗನ್ನು ಫ್ಯಾನಿಗೆ ಕೊಡುವುದು ನನಗಿಷ್ಟ. ಹುಡುಗಿ ಅರಮಂಡಿಯಲ್ಲಿ ಕೂತಾಗ ಮೊಣಕಾಲು ಎರಡು ಕಡೆಗೂ ತೆರೆದುಕೊಳ್ಳುತ್ತವೆ, ನೆರಿಗೆ ಬಿಚ್ಚುತ್ತದೆ, ಅಷ್ಟು ಹೊತ್ತೂ ಮಡಿಕೆಯಲ್ಲಿ ಅಡಗಿದ್ದ ಜರಿ ಆಗ ಬೆಳಕಿಗೆ ಬರುತ್ತದೆ. ಉಡುಪಿನ ಚೆಲುವು ನಿಂತಾಗಿನದಲ್ಲ, ಕೂತಾಗಿನದು. ಅಳತೆಯೂ ಹಾಗೇ. ಸೊಂಟದಿಂದ ಪಾದದ ಗಂಟಿನವರೆಗೆ ನಿಂತು ತೆಗೆದ ಅಳತೆಗೂ ಅರಮಂಡಿಯಲ್ಲಿ ತೆಗೆದ ಅಳತೆಗೂ ಅಂತರವಿದೆ. ನಿಂತ ಅಳತೆಗೆ ಹೊಲಿದ ಪ್ಯಾಂಟ್ ತೊಡೆಸಂದಿಯಲ್ಲಿ ಹಿಡಿಯುತ್ತದೆ, ಎರಡು ಜತಿ ಮುಗಿಯುವುದರೊಳಗೆ ಹೊಲಿಗೆ ಬಿಡುತ್ತದೆ.

ತಂಗಿಯ ಮಗಳು ಕಚ್ಚಾ ಹೊಲಿಗೆ ಹಾಕಿದ ರವಿಕೆ ತೊಟ್ಟು ಕೈ ಚಾಚಿ ನಿಂತು, "ದೊಡ್ಡಮ್ಮಾ, ಇಲ್ಲಿ ಹಿಡ್ಕೊಳ್ತಿದೆ ನೋಡಿ," ಎನ್ನುತ್ತಾಳೆ. ಹಿಡಿಯುವುದು ಕಂಕುಳಲ್ಲಿ. ಅಲ್ಲಿಗೆ ಅಡ್ಡ ಎಳೆಯಲ್ಲಿ ಕತ್ತರಿಸಿದ ಒಂದು ಚೌಕದ ತುಂಡು ಸೇರಿಸಿದರೆ ಕೈ ಭುಜದ ಮಟ್ಟದಲ್ಲಿ ಎಷ್ಟು ಹೊತ್ತು ಚಾಚಿದ್ದರೂ ರವಿಕೆ ಮೇಲೇರುವುದಿಲ್ಲ. ಒಳಗೆ ತೆಳು ಹತ್ತಿಬಟ್ಟೆಯ ಲೈನಿಂಗ್, ಬೆವರು ರೇಷ್ಮೆಗೆ ತಲುಪದಂತೆ. ಪಕ್ಕದ ಹೊಲಿಗೆಗಳಲ್ಲಿ ಎರಡೆರಡು ಬೆರಳು ಬಟ್ಟೆ ಒಳಗೇ ಬಿಟ್ಟಿರುತ್ತೇನೆ, ಬೆಳೆಯುವ ಹುಡುಗಿಯಲ್ಲವೆ. ರೇಷ್ಮೆಗೆ 11ರ ಸೂಜಿ, ಸೊಂಟಪಟ್ಟಿಯ ಕ್ಯಾನ್ವಾಸಿಗೆ 16ರದು. ಈ ಸೂಜಿ ಬದಲಿಸುವ ಒಂದು ನಿಮಿಷಕ್ಕೆ ಸೋಮಾರಿತನ ಮಾಡಿದರೆ ರೇಷ್ಮೆಯ ಎಳೆ ಜಗ್ಗಿ ಉದ್ದಕ್ಕೂ ಗೀರು ಬೀಳುತ್ತದೆ.

ಬಟ್ಟೆಯ ಆಯ್ಕೆಯಲ್ಲಿ ನೂಲುವ ಕೈ ನನಗೆ ಬಹಳ ಸಹಾಯ ಮಾಡಿದೆ. ತಂಗಿಗೆ ಒಂದು ಆಸೆಯಿತ್ತು, ಅಮ್ಮನ ಮೈಸೂರು ರೇಷ್ಮೆ ಸೀರೆಯಲ್ಲಿ ಮಗಳಿಗೆ ಉಡುಪಾಗಬೇಕೆಂದು. ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಕಟ್ಟಿಸಿದ ಕಾರ್ಖಾನೆಯ ಆ ಸೀರೆಯ ಮೇಲೆ ನನಗೂ ಅಷ್ಟೇ ಅಕ್ಕರೆ. ಆದರೆ ಅದು ಕ್ರೇಪ್. ಅದರ ಹೊಕ್ಕಿನಲ್ಲಿ ಎಡಕ್ಕೆ ಹುರಿ ಮಾಡಿದ ಎಳೆಗಳೂ ಬಲಕ್ಕೆ ಹುರಿ ಮಾಡಿದ ಎಳೆಗಳೂ ಸರದಿಯಲ್ಲಿ ಬರುತ್ತವೆ, ಅದೂ ಬಲು ಬಿಗಿಯಾದ ಹುರಿ. ಆ ಹುರಿಯಿಂದಲೇ ಸೀರೆಗೆ ಆ ಇಳಿಬೀಳುವ ಮೈ. ಮಡಿಕೆಯನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ, ಫ್ಯಾನ್ ಅರಳದೆ ಜೋತುಬೀಳುತ್ತದೆ. ಕಾಂಚೀಪುರದ ರೇಷ್ಮೆ ಹಾಗಲ್ಲ, ದಪ್ಪನೆಯ ಎಳೆ, ಒತ್ತಾದ ನೇಯ್ಗೆ, ಹಾಕಿದ ಮಡಿಕೆ ಹಾಕಿದ ಹಾಗೇ ನಿಲ್ಲುತ್ತದೆ. ತಂಗಿಗೆ ಎರಡರ ಒಂದೊಂದು ಮೂಲೆಯನ್ನು ಬೆರಳ ನಡುವೆ ಕೊಟ್ಟು ಮಡಿಸಿ ಬಿಡಲು ಹೇಳಿದೆ. ಅವಳೇ ಅಮ್ಮನ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಇಟ್ಟಳು. ಮಗಳು ದೊಡ್ಡವಳಾಗಿ ಅದನ್ನು ಇಡಿಯಾಗಿ ಉಡಲಿ.

ಉಡುಪಿನ ಸುತ್ತ ಸಣ್ಣ ಕೆಲಸಗಳು ಬೇಕಾದಷ್ಟಿವೆ. ಜಡೆಯ ತುದಿಗೆ ಕಪ್ಪು ಉಲ್ಲನ್ನಿನ ಕುಚ್ಚು ಕಟ್ಟುತ್ತೇನೆ. ಗೆಜ್ಜೆಯ ಚರ್ಮದ ಪಟ್ಟಿ ಹುಡುಗಿಯ ಕಣಕಾಲನ್ನು ಉಜ್ಜಿ ಕೆಂಪು ಮಾಡುತ್ತಿತ್ತು. ನಾನೇ ನೂತ ಜಯಧರ ನೂಲನ್ನು ಜೋಡಿ ಹುರಿ ಮಾಡಿ ನಾಲ್ಕು ಬೆರಳಗಲದ ಪಟ್ಟಿ ಹೆಣೆದುಕೊಟ್ಟೆ. ಗೆಜ್ಜೆಯ ಕೆಳಗೆ ಅದನ್ನು ಹಾಕಿಕೊಂಡರೆ ಬೆವರು ಹೀರುತ್ತದೆ, ಎಷ್ಟು ತಟ್ಟಿದರೂ ಜಾರುವುದಿಲ್ಲ. ಸಭೆಯಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ನನ್ನ ಕೆಲಸದಲ್ಲೆಲ್ಲ ನನಗೆ ಹೆಚ್ಚು ಹೆಮ್ಮೆ ಅದರದೇ.

ಕಾರ್ಯಕ್ರಮ ಮುಗಿದ ರಾತ್ರಿ ಉಡುಪನ್ನು ಒಳಹೊರಗು ಮಾಡಿ ನೆರಳಿನಲ್ಲಿ ಗಾಳಿಗೆ ಹರವಬೇಕು. ಒದ್ದೆಯಿರುವಾಗ ಮಡಿಸಬಾರದು, ಜರಿಯ ಮೇಲೆ ಸೆಂಟು ಸಿಂಪಡಿಸಬಾರದು. ಒಣಗಿದ ಮೇಲೆ ಫ್ಯಾನಿನ ನೆರಿಗೆ ಕೂಡಿಸಿ ದಾರದಲ್ಲಿ ಸಡಿಲವಾಗಿ ಕಟ್ಟಿ, ಹಳೆಯ ಪಂಚೆಯಲ್ಲಿ ಸುತ್ತಿಡಬೇಕು. ಹೀಗೆ ನೋಡಿಕೊಂಡ ಉಡುಪು ಅಕ್ಕನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಯ ಹುಡುಗಿಗೆ ದಾಟುತ್ತದೆ.

ಬಾಡಿಗೆ ಉಡುಪಿನ ಮೇಲೆ ನನಗೆ ಹಗೆಯಿಲ್ಲ. ಎಲ್ಲರ ಮನೆಯಲ್ಲೂ ಯಂತ್ರವಿಲ್ಲ, ಪುರುಸೊತ್ತಿಲ್ಲ. ಆದರೆ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಒಂದೇ ಅಳತೆಯ ಉಡುಪನ್ನು ಹತ್ತು ಮಕ್ಕಳಿಗೆ ಪಿನ್ನು ಚುಚ್ಚಿ ತೊಡಿಸುವುದನ್ನು ನೋಡಿದಾಗ ಸಂಕಟವಾಗುತ್ತದೆ. ಮಗುವಿನ ಕಣ್ಣು ಸಭೆಯ ಕಡೆಗಿರುವುದಿಲ್ಲ, ಸೊಂಟದ ಪಿನ್ನಿನ ಮೇಲಿರುತ್ತದೆ. ಸಮನಾದ ದಾರ, ಸರಿಯಾದ ಅಳತೆ, ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ ಇವೆಲ್ಲ ಇರುವುದು ಕುಣಿಯುವವಳು ಬಟ್ಟೆಯನ್ನು ಮರೆತು ಕುಣಿಯಲಿ ಎಂದು. ಇದನ್ನು ಮಾರಾಟಕ್ಕೆ ಇಟ್ಟರೆ ದಿನದ ಲೆಕ್ಕ ಬರುತ್ತದೆ, ಸೀರೆಯನ್ನು ನೆಲದ ಮೇಲೆ ಹಾಸಿ ಸುಮ್ಮನೆ ನೋಡುವ ಆ ಒಂದು ದಿನ ಮೊದಲು ಹೋಗುತ್ತದೆ. ಅದಕ್ಕೇ ನಾನು ಮಾರುವುದಿಲ್ಲ.

ನಿಮ್ಮ ಮನೆಯಲ್ಲಿ ಕುಣಿಯುವ ಮಗುವಿದ್ದರೆ, ಮುಸುಕು ಹೊದ್ದು ಮೂಲೆಯಲ್ಲಿ ನಿಂತ ಹೊಲಿಗೆ ಯಂತ್ರವಿದ್ದರೆ, ಈ ರಜೆಯಲ್ಲಿ ಅದಕ್ಕೆ ಎಣ್ಣೆ ಬಿಡಿ. ಮೊದಲ ಉಡುಪನ್ನು ಹಳೆಯ ಹತ್ತಿ ಸೀರೆಯಲ್ಲಿ ಹೊಲಿಯಿರಿ, ರೇಷ್ಮೆ ಆಮೇಲೆ ಬರಲಿ. ಗಂಡುಮಕ್ಕಳಿಗೂ ಕಲಿಸಿ, ಅವರ ಬೆರಳಿಗೂ ಹುರಿ ಅಷ್ಟೇ ಚೆನ್ನಾಗಿ ಹತ್ತುತ್ತದೆ. ಹೊಲಿಯಲು ಆಗುವುದೇ ಇಲ್ಲವೆಂದರೆ ಟೈಲರ್ ಬಳಿಗೇ ಹೋಗಿ. ಆದರೆ ಅವರು ಟೇಪು ಹಿಡಿದಾಗ, ಮಗುವಿಗೆ ಅರಮಂಡಿಯಲ್ಲಿ ಕೂರಲು ಹೇಳಿ, ಆ ಅಳತೆಯನ್ನು ಬರೆಸಿ.