ಪೇಟಿ ಯಾರದು?

ನನ್ನ ಕೈಯಲ್ಲಿ ಕೆಲಸ ಎಷ್ಟಿದೆ ಎಂಬುದು ಧಾರವಾಡದ ನಮ್ಮ ಓಣಿಗೆಲ್ಲ ಗೊತ್ತು. ಮುಂಜಾನೆ ಹತ್ತು ಹೊಡೆದ ಮೇಲೂ ನಮ್ಮ ಮನೆಯಿಂದ ಹಾರ್ಮೋನಿಯಂ ಕೇಳಿಸುತ್ತಿದ್ದರೆ ಕೆಲಸ ತಲೆಯ ಮೇಲೆ ಕೂತಿದೆ, ನಾಳೆಯೇ ಒಪ್ಪಿಸಬೇಕಾಗಿದೆ ಎಂದು ಲೆಕ್ಕ. ಮನೆ ತಣ್ಣಗಿದ್ದರೆ ಕೆಲಸವಿಲ್ಲ, ಹಳೆಯ ಸಂಭಾವನೆಯ ಬಾಕಿಗಾಗಿ ಯಾರಿಗೋ ವಿನಯದ ಪತ್ರ ಬರೆಯುತ್ತಿದ್ದಾನೆ ಎಂದು ಲೆಕ್ಕ. ಎದುರುಮನೆಯ ಮಾವಶಿ ಈ ಲೆಕ್ಕದಲ್ಲಿ ಪಳಗಿದವರು. ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕೂತಲ್ಲಿಂದಲೇ ಕೂಗುತ್ತಾರೆ: "ಇವತ್ತ ಭಾರಿ ಜೋರ್ ನಡದದಲ್ಲೋ ನಿನ್ನ ಪೇಟಿ! ಮತ್ತ್ಯಾರದರೆ ಪುಸ್ತಕ ಬರೀಲಿಕ್ಕೆ ಹತ್ತೀಯೇನು?"

ಮತ್ತ್ಯಾರದರೆ ಪುಸ್ತಕ. ಮಾವಶಿ ಚುಚ್ಚಿ ಆಡಿದ ಮಾತಲ್ಲ ಅದು, ಇದ್ದದ್ದನ್ನೇ ಹೇಳಿದ್ದು. ವಿಸಿಟಿಂಗ್ ಕಾರ್ಡಿನ ಮೇಲೆ 'ಸ್ವತಂತ್ರ ಬರಹಗಾರ' ಎಂದು ಹಾಕಿಸಿಕೊಂಡಿದ್ದೇನೆ ನಿಜ, ಆದರೆ ನಾನು ಬರೆಯುವುದರಲ್ಲಿ ಮುಕ್ಕಾಲು ಪಾಲು ಬೇರೆಯವರ ಹೆಸರಿನಲ್ಲಿ ಹೊರಗೆ ಬರುತ್ತದೆ. ಸಹಕಾರಿ ಸಂಘದ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಬೀಜದ ಕಂಪನಿಯ ಕರಪತ್ರದ ಅನುವಾದ, ಉದ್ಘಾಟಕರು ಓದಬೇಕಾದ ಭಾಷಣ, ಆ ಉದ್ಘಾಟಕರನ್ನು ಸ್ವಾಗತಿಸುವವರು ಓದಬೇಕಾದ ಭಾಷಣ. ಎರಡನ್ನೂ ಒಂದೇ ರಾತ್ರಿ ಬರೆದಾಗ ಒಬ್ಬರ ಹೊಗಳಿಕೆಗೆ ಇನ್ನೊಬ್ಬರ ಸಂಕೋಚ ಸರಿಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ. ಎಲ್ಲಕ್ಕಿಂತ ಸೊಗಸು ಆತ್ಮಕಥೆಗಳದು. "ಎಲ್ಲಾ ಬರದೇನ್ರೀ, ನೀವು ಸ್ವಲ್ಪ ತಿದ್ದಿ ಕೊಟ್ರ ಆತು" ಎಂದು ನಿವೃತ್ತ ಪ್ರಾಚಾರ್ಯರೊಬ್ಬರು ಒಂದು ಚೀಲ ಕೊಟ್ಟು ಹೋದರು. ತೆಗೆದು ನೋಡಿದರೆ ಸನ್ಮಾನಪತ್ರಗಳು, ವರ್ಗಾವಣೆಯ ಆದೇಶಗಳು, ಮಕ್ಕಳ ಮದುವೆಯ ಕರೆಯೋಲೆಗಳು. ನಡುವೆ ಒಂದು ಹಾಳೆ. ಅದರ ಮೇಲೆ 'ಬಾಲ್ಯ – ಬಡತನ' ಎಂಬ ಎರಡೇ ಶಬ್ದ. ಪುಸ್ತಕ ಬಿಡುಗಡೆಯಾದ ದಿನ ಮುಖ್ಯ ಅತಿಥಿಗಳು ಆ ಬಾಲ್ಯದ ಅಧ್ಯಾಯವನ್ನು ಓದಿ ಗದ್ಗದಿತರಾದರು. ಸರ್ ಅವರ ಶೈಲಿಯೇ ಶೈಲಿ ಎಂದರು. ಸರ್ ತಲೆಬಾಗಿ ಒಪ್ಪಿಕೊಂಡರು. ನಾನೂ ಮೂರನೆಯ ಸಾಲಿನಿಂದ ಚಪ್ಪಾಳೆ ಹೊಡೆದೆ. ಅಧ್ಯಾಯ ನಿಜಕ್ಕೂ ಚೆನ್ನಾಗಿತ್ತು.

ಹಾರ್ಮೋನಿಯಂ ನನಗೆ ಹಿಡಿಸಿದ್ದು ಈ ಕಾರಣಕ್ಕೇ ಇರಬೇಕು. ಮೈಫಿಲ್‌ನಲ್ಲಿ ಗಾಯಕರ ಎಡಗಡೆ, ತುಸು ಓರೆಯಾಗಿ ಕೂತವನನ್ನು ನೋಡಿ. ಗಾಯಕರು ಮುಂದೆ ಯಾವ ಸ್ವರಕ್ಕೆ ಹೋಗುತ್ತಾರೆಂದು ಅವನಿಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಎಷ್ಟೋ ಸಲ ಗಾಯಕರಿಗೂ ಗೊತ್ತಿರುವುದಿಲ್ಲ. ಅರ್ಧ ಉಸಿರಿನಷ್ಟು ಹಿಂದೆ ಉಳಿದು ಅವರು ಹೋದಲ್ಲೆಲ್ಲ ಹೋಗಬೇಕು, ಅವರು ನೀರು ಕುಡಿಯುವಾಗ ರಾಗ ಆರಿಹೋಗದಂತೆ ಕಾಯಬೇಕು, ಗುಟುಕು ಇಳಿಯುತ್ತಲೇ ಜಾಗ ಬಿಟ್ಟು ಸರಿಯಬೇಕು. ಹಿಂದೆ ಬಿದ್ದರೆ ದಡ್ಡ, ಮುಂದೆ ಹೋದರೆ ಉದ್ಧಟ. ಇದಕ್ಕೆ ನಮ್ಮ ಕಡೆ 'ಸಾಥ್ ಕೊಡೋದು' ಎನ್ನುತ್ತಾರೆ. ಕಚೇರಿ ಮುಗಿದ ಮೇಲೆ ಜನ ಗಾಯಕರ ಕಾಲಿಗೆ ಬೀಳುತ್ತಾರೆ, ತಬಲಾದವನ ಕೈ ಕುಲುಕುತ್ತಾರೆ. ಪೇಟಿಯವನು ಅಷ್ಟರಲ್ಲಿ ತಿದಿಗೆ ಕೊಂಡಿ ಹಾಕಿ, ಗವುಸು ಮುಚ್ಚಿ, ತನ್ನ ಪೆಟ್ಟಿಗೆ ಹೊರಲು ಯಾರಾದರೂ ಸಿಗುತ್ತಾರೇನೋ ಎಂದು ನೋಡುತ್ತಿರುತ್ತಾನೆ.

ನನ್ನದು ಭಜನಾ ಮಂಡಳಿಯೊಂದು ಹೊಸದನ್ನು ಕೊಂಡಾಗ ಅಗ್ಗಕ್ಕೆ ಬಿಟ್ಟುಕೊಟ್ಟ ಡಬಲ್ ರೀಡ್ ಪೇಟಿ. ಮುಚ್ಚಳದ ಒಳಮೈಗೆ ಯಾರೋ ಭಕ್ತಿಯಿಂದ 'ಮುಟ್ಟಬಾರದು' ಎಂದು ಬಣ್ಣದಲ್ಲಿ ಬರೆದಿದ್ದಾರೆ. ಧಾರವಾಡದ ಮಳೆ ಹಿಡಿಯಿತೆಂದರೆ ಇದರ ಕಟ್ಟಿಗೆ ಉಬ್ಬಿಕೊಳ್ಳುತ್ತದೆ. ಒತ್ತಿದ ಮನೆ ಮೇಲೆ ಏಳುವುದಿಲ್ಲ, ಮಧ್ಯಮವೊಂದು ತಾನೇ ತಾನಾಗಿ ಊದಿಕೊಂಡು ಕೂಡುತ್ತದೆ. ಆಗ ಹುಬ್ಬಳ್ಳಿಯ ರಿಪೇರಿಯವರ ಹತ್ತಿರ ಒಯ್ಯಬೇಕು. ಅವರ ಅಂಗಡಿಯಲ್ಲಿ ಕೂತು ಪೇಟಿಯ ಹೊಟ್ಟೆ ಬಿಚ್ಚುವುದನ್ನು ನೋಡುವುದು ನನ್ನ ಎರಡನೆಯ ಹವ್ಯಾಸ. ಒಳಗೆ ಸಾಲಾಗಿ ಹಿತ್ತಾಳೆಯ ಪಟ್ಟಿಗಳು. ಪ್ರತಿಯೊಂದರಲ್ಲಿ ಉದ್ದನೆಯ ಸೀಳು, ಸೀಳಿನ ಮೇಲೆ ಒಂದು ತುದಿಗೆ ಮಾತ್ರ ಬಿಗಿದ ತೆಳ್ಳನೆಯ ನಾಲಗೆ. ಗಾಳಿ ನುಗ್ಗಿದಾಗ ಆ ನಾಲಗೆ ಸೀಳಿನ ಅಂಚಿಗೆಲ್ಲೂ ತಾಕದೆ ಒಳಹೊರಗೆ ಅದುರುತ್ತದೆ. ಸ್ವರವೆಂದರೆ ಅಷ್ಟೇ. ಗುಜರಾತಿನ ಪಾಲಿತಾಣದ ರೀಡ್ ಎಂದರೆ ಇವರು ಕಣ್ಣಿಗೊತ್ತಿಕೊಳ್ಳುತ್ತಾರೆ. ಜೈನರಿಗೆ ಅದು ಶತ್ರುಂಜಯದ ಯಾತ್ರೆಯ ಊರು, ಪೇಟಿಯವರಿಗೆ ರೀಡಿನ ಊರು.

"ತುದಿ ಕೆರದ್ರ ಸೂರು ಮ್ಯಾಲ ಹೋಗತೈತ್ರಿ, ಬುಡ ಕೆರದ್ರ ಕೆಳಗ ಇಳೀತೈತಿ" ಎಂದು ಅವರು ಒಮ್ಮೆ ವಿವರಿಸಿದರು. "ಇಷ್ಟ ವಿದ್ಯಾ. ಆದ್ರ ಕೆರದದ್ದನ್ನ ಮತ್ತ ಹಚ್ಚಾಕ ಬರೂದಿಲ್ಲ." ಇದನ್ನು ನನಗೆ ಕೆಲಸ ಕೊಡುವ ಕೆಲವು ಸಂಪಾದಕರಿಗೆ ಕೇಳಿಸಬೇಕೆಂದು ಬಹಳ ಆಸೆಯಿದೆ.

ಇಷ್ಟು ನಮ್ಮದಾಗಿಬಿಟ್ಟ ಈ ಪೆಟ್ಟಿಗೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. 1840ರ ದಶಕದಲ್ಲಿ ಅಲೆಕ್ಸಾಂಡರ್ ಡೆಬೇನ್ ಎಂಬಾತ ಪೇಟೆಂಟ್ ಪಡೆದು ಹಾರ್ಮೋನಿಯಂ ಎಂದು ಹೆಸರಿಟ್ಟ. ಕೊಳವೆಗಳ ದೊಡ್ಡ ಆರ್ಗನ್ ಇಡಲು ಜಾಗವಾಗಲಿ ದುಡ್ಡಾಗಲಿ ಇಲ್ಲದ ಸಣ್ಣ ಚರ್ಚುಗಳು ಇದನ್ನು ಕೊಂಡವು, ಪಾದ್ರಿಗಳ ಜೊತೆ ಹಡಗು ಹತ್ತಿ ಇದೂ ಇಲ್ಲಿಗೆ ಬಂತು. ಆದರೆ ಅದು ಕುರ್ಚಿಯ ಮೇಲೆ ಕೂತು, ಎರಡೂ ಕಾಲಿನಿಂದ ಗಾಳಿ ತುಳಿದು, ಎರಡೂ ಕೈಯಿಂದ ನುಡಿಸುವ ವಾದ್ಯ. ನಮ್ಮ ಸಂಗೀತವೋ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವಂಥದು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದರ ಕಾಲು ತೆಗೆದು, ತಿದಿಯನ್ನು ಬೆನ್ನಿಗೆ ತಂದು, ಕೈಯಿಂದ ಗಾಳಿ ಹಾಕುವ ಪೇಟಿ ಮಾಡಿದರು. ಒಂದು ಕೈ ಗಾಳಿಗೇ ಹೋಯಿತು. ಹೋದರೆ ನಮಗೇನೂ ನಷ್ಟವಿರಲಿಲ್ಲ. ಹತ್ತು ಬೆರಳಿನಿಂದ ಹತ್ತು ಸ್ವರ ಒಟ್ಟಿಗೆ ಒತ್ತುವ ಗರಜು ನಮ್ಮ ರಾಗಕ್ಕೆ ಎಂದೂ ಬಿದ್ದಿಲ್ಲ.

ಕಾಲಿನದು ಉಳಿದದ್ದು ನಾಟಕ ಕಂಪನಿಗಳಲ್ಲಿ. ರಂಗದ ಮುಂದೆ ಪ್ರೇಕ್ಷಕರಿಗೆ ಬೆನ್ನು ಮಾಡಿ ಕೂತ ಪೇಟಿ ಮಾಸ್ತರರೇ ಕಂಪನಿಯ ಅರ್ಧ ಜೀವ. ನಟ ಶ್ರುತಿ ತಪ್ಪಿದರೆ ಎಳೆದು ತರಬೇಕು, ಒನ್ಸ್ ಮೋರ್ ಬಿದ್ದರೆ ಪಲ್ಲವಿಗೆ ಹಿಂದಿರುಗಬೇಕು, ಒಳಗೆ ಮುಂದಿನ ದೃಶ್ಯದ ಪಾತ್ರಧಾರಿ ಇನ್ನೂ ಕಿರೀಟ ಕಟ್ಟಿಕೊಳ್ಳುತ್ತಿದ್ದರೆ ಹೊರಗೆ ಜನ ಏಳದಂತೆ ಹಿಡಿದಿಡಬೇಕು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿಂದ ಹಿಡಿದು ನಮ್ಮ ಕಡೆಯ ಜಾತ್ರೆಗಳಲ್ಲಿ ಡೇರೆ ಹೊಡೆಯುವ ಕಂಪನಿಗಳವರೆಗೆ ಪೇಟಿಯಿಲ್ಲದೆ ಪರದೆ ಎದ್ದದ್ದಿಲ್ಲ. ಶ್ರೀಕೃಷ್ಣ ಪಾರಿಜಾತದ ಕೊರವಂಜಿಗೂ ಇದೇ ಆಧಾರ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಕೈಕೆಳಗೆ ಕಲಿತ ಎಷ್ಟೋ ಅಂಧ ಮಕ್ಕಳು ಹೊಟ್ಟೆ ಹೊರೆದದ್ದು ಇದರ ಮೇಲೆ ಬೆರಳಾಡಿಸಿ.

ಇಂಥದನ್ನು ಸರ್ಕಾರ ಮೂವತ್ತು ವರ್ಷ ರೇಡಿಯೋದಿಂದ ಹೊರಗಿಟ್ಟಿತ್ತು ಎಂದರೆ ಈಗಿನವರು ನಂಬುವುದಿಲ್ಲ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ನಿಷಿದ್ಧ. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಲಯೋನೆಲ್ ಫೀಲ್ಡನ್. ಅದಕ್ಕೂ ಮೊದಲೇ, ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೋಲ್ಡ್ಸ್ ಎಂಬ ಸಂಗೀತಗಾರರು ಪೇಟಿಯ ಮೇಲೆ ಕಟುವಾಗಿ ಬರೆದಿದ್ದರು. ಇಬ್ಬರೂ ಇಂಗ್ಲೆಂಡಿನವರು. ಇದು ಪರದೇಶದ ವಾದ್ಯ, ಭಾರತದ ಸಂಗೀತವನ್ನು ಕೆಡಿಸುತ್ತದೆ ಎಂದು ಪರದೇಶದವರು ಹೇಳಿದರು, ಸ್ವದೇಶಿ ಅಭಿಮಾನಿಗಳು ಹೌದೌದೆಂದರು. ಆ ಕಾಲದಲ್ಲಿ ಆಳುವವರೂ ಆಳಿಸಿಕೊಳ್ಳುವವರೂ ಒಮ್ಮತಕ್ಕೆ ಬಂದ ವಿಷಯಗಳು ಬಹಳ ಇದ್ದಿರಲಾರವು. ರವೀಂದ್ರನಾಥ ಠಾಕೂರರೂ ನಿಷೇಧದ ಪರವಾಗಿ ಪತ್ರ ಬರೆದರು. ಇಂದು ಬಂಗಾಳದ ಮನೆಮನೆಯಲ್ಲಿ ಅವರ ಹಾಡುಗಳನ್ನು ಹುಡುಗಿಯರಿಗೆ ಕಲಿಸುವುದು ಪೇಟಿ ಮುಂದಿಟ್ಟುಕೊಂಡೇ.

ಆದರೆ ವಿರೋಧಿಸಿದವರೆಲ್ಲ ಮೂಢರೇನಲ್ಲ. ಅವರ ಆರೋಪ ಖರೇ ಇದೆ. ಪೇಟಿಗೆ ಸಪ್ತಕಕ್ಕೆ ಹನ್ನೆರಡೇ ಮನೆ. ಎರಡು ಮನೆಗಳ ನಡುವೆ ಓಣಿಯಿಲ್ಲ, ಜಾರುವ ಮೀಂಡಿಗೆ ದಾರಿಯಿಲ್ಲ. ದರ್ಬಾರಿ ಕಾನಡಾದ ಗಾಂಧಾರವನ್ನೇ ತೆಗೆದುಕೊಳ್ಳಿ. ಕೋಮಲಕ್ಕಿಂತಲೂ ತುಸು ಕೆಳಗಿರುವ ಅದು ಒಂದೆಡೆ ನಿಲ್ಲದೆ, ತೂಗುಮಂಚದಲ್ಲಿ ಮಲಗಿದವರಂತೆ ನಿಧಾನಕ್ಕೆ ಜೀಕುತ್ತಿರುತ್ತದೆ. ಆ ಜಾಗ ನನ್ನ ಪೇಟಿಯಲ್ಲಿ ಇಲ್ಲವೇ ಇಲ್ಲ. ರಾತ್ರಿ ಕೂತು ನಾನು ದರ್ಬಾರಿ ಒತ್ತಿದರೆ ಅದು ದರ್ಬಾರಿಯ ವಿಳಾಸ ಮಾತ್ರ, ಒಳಗೆ ಯಾರೂ ಇರುವುದಿಲ್ಲ. ಒಳ್ಳೆಯ ಸಾಥಿದಾರರು ಅಲ್ಲಿ ಏನು ಮಾಡುತ್ತಾರೆ? ಗಾಯಕರು ಗಾಂಧಾರದಲ್ಲಿ ಜೀಕುವಾಗ ಗಾಳಿ ಇಳಿಸಿ ರಿಷಭದಲ್ಲೋ ಷಡ್ಜದಲ್ಲೋ ಸುಮ್ಮನೆ ಕಾದಿರುತ್ತಾರೆ. ತನ್ನ ಪೆಟ್ಟಿಗೆಯಲ್ಲಿ ಇಲ್ಲದ ಸ್ವರ ಬಂದಾಗ ಕೈ ತೆಗೆಯುವುದು ಕೂಡ ಅವರ ಕಸುಬು. ಫೋಲ್ಡ್ಸ್ ಸಾಹೇಬರು ವಾದ್ಯದ ಮಿತಿಯನ್ನು ಸರಿಯಾಗಿಯೇ ಗುರುತಿಸಿದ್ದರು. ಕೂತವನ ವಿವೇಕವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ನಿಷೇಧ ಸಡಿಲಾದದ್ದು 1971ರಲ್ಲಿ. ಹಿಂದುಸ್ತಾನಿ ಗಾಯಕರ ತವರೆನಿಸಿಕೊಂಡ ನಮ್ಮ ಊರಿಗೆ ರೇಡಿಯೋ ಕೇಂದ್ರ ಬಂದದ್ದು 1950ರ ಜನವರಿ 8ಕ್ಕೆ. ಅಂದರೆ ಧಾರವಾಡದ ಆಕಾಶವಾಣಿ ಹುಟ್ಟಿ ಇಪ್ಪತ್ತು ವರ್ಷ ಕಳೆದರೂ ಅದರ ಸ್ಟುಡಿಯೋದೊಳಗೆ ಪೇಟಿಗೆ ಪ್ರವೇಶವಿರಲಿಲ್ಲ. ಹೊರಗೆ ವಾಡೆಗಳಲ್ಲಿ, ಮಠಗಳಲ್ಲಿ, ಗಣೇಶನ ಮಂಟಪಗಳಲ್ಲಿ ಇದ್ದೇ ಇತ್ತು. ಬೆಳಗಾವಿಯ ರಾಮಭಾವು ಬಿಜಾಪುರೆಯವರು ಹುಟ್ಟಿದ್ದು 1917ರಲ್ಲಿ. ಇಪ್ಪತ್ಮೂರರ ಹರೆಯದಿಂದ ಐವತ್ನಾಲ್ಕರವರೆಗೆ, ಕಲಾವಿದನೊಬ್ಬನ ಬೆರಳು ಬಲಿಯುವ ಅಷ್ಟೂ ವರ್ಷ, ಅವರ ವಾದ್ಯಕ್ಕೆ ರೇಡಿಯೋದ ಬಾಗಿಲು ಹಾಕಿತ್ತು. ಅವರು ತಲೆಮಾರುಗಟ್ಟಲೆ ಗಾಯಕರಿಗೆ ಸಾಥ್ ಕೊಟ್ಟರು, ಶಿಷ್ಯರನ್ನು ತಯಾರು ಮಾಡಿದರು, 2010ರವರೆಗೆ ಬಾಳಿದರು. ಬಾಗಿಲು ಹಾಕಿದವರ ಹೆಸರು ಬೆಳಗಾವಿಯಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ.

ಈ ಇತಿಹಾಸದಿಂದ ನನಗೊಂದು ಉಪಯೋಗವೂ ಆಗಿದೆ. ನನ್ನ ಮಧ್ಯಾಹ್ನಗಳು ಹಳೆಯ ಧ್ವನಿಮುದ್ರಣ ಕೇಳುವುದಕ್ಕೆ ಮೀಸಲು. ಊಟವಾದ ಮೇಲೆ ಬರೆದರೆ ವಾಕ್ಯಗಳಿಗೂ ತೂಕಡಿಕೆ ಬರುತ್ತದೆ. ಅದಕ್ಕಿಂತ ಮಲ್ಲಿಕಾರ್ಜುನ ಮನ್ಸೂರರೋ ಬಸವರಾಜ ರಾಜಗುರುಗಳೋ ಲೇಸು. ಹೆಸರು, ಇಸವಿ ಏನೂ ಇಲ್ಲದ ರೇಡಿಯೋ ಮುದ್ರಣ ಸಿಕ್ಕರೆ ಮೊದಲು ಹಿಂದಿನ ದನಿಗೆ ಕಿವಿ ಕೊಡುತ್ತೇನೆ. ಪೇಟಿ ಇದ್ದರೆ 1971ರ ಈಚಿನದು. ಬರೀ ಸಾರಂಗಿಯಿದ್ದರೆ ಆಚಿನದಿರಬಹುದು. ಮನೆಯ ಮೈಫಿಲ್‌ಗಳಿಗೆ ಈ ನಿಯಮ ನಡೆಯುವುದಿಲ್ಲ, ಅಲ್ಲಿ ಸಾಹೇಬರ ಕಾಯ್ದೆ ತಲುಪಿಯೇ ಇರಲಿಲ್ಲ. ಹೀಗೆ ಕೇಳಿ ಕೇಳಿ ಕಿವಿ ಕೆಟ್ಟುಹೋಗಿದೆ. ಮನ್ಸೂರರ ತಾನು ಒಂದರೊಳಗೊಂದು ಹೆಣೆದುಕೊಂಡು ಉಸಿರಿಗೂ ಬಿಡುವಿಲ್ಲದೆ ಹರಿಯುವಾಗ ಸಭೆಯೆಲ್ಲ ವಾಹ್ ಎನ್ನುತ್ತದೆ. ನನ್ನ ಗಮನ ಹಿಂದಿರುವ ಪೇಟಿಯ ಮೇಲೆ. ಪಾಪ, ಇಷ್ಟರಲ್ಲಿ ಇವನು ಎಲ್ಲಿಂದ ಒಳಗೆ ನುಗ್ಗುತ್ತಾನೆ? ನುಗ್ಗುತ್ತಾನೆ. ಸಮ್ ಬೀಳುವ ಹೊತ್ತಿಗೆ ಅಲ್ಲಿ ಇರುತ್ತಾನೆ.

ಆದರೆ ಅವನು ಯಾರು? ಟೇಪಿನಿಂದ ಟೇಪಿಗೆ ಇಳಿದು ನನ್ನ ತನಕ ಬಂದ ಕ್ಯಾಸೆಟ್ಟುಗಳ ಚೀಟಿಯಲ್ಲಿ ಗಾಯಕರ ಹೆಸರಿರುತ್ತದೆ, ರಾಗ ಇರುತ್ತದೆ, ಯಾರ ಮನೆಯಲ್ಲಿ ನಡೆಯಿತೆಂಬುದೂ ಇರುತ್ತದೆ. ಪೇಟಿ ಯಾರದೆಂದು ಮಾತ್ರ ಇರುವುದಿಲ್ಲ. ಹಾಗಾಗಿ ಊರಿನ ಹಳೆಯ ಕೇಳುಗರನ್ನು ಹುಡುಕಿಕೊಂಡು ಹೋಗಿ, ಕೇಳಿಸಿ, ಹೆಸರು ಬರೆದುಕೊಳ್ಳುವುದು ನನ್ನ ಮೂರನೆಯ ಹವ್ಯಾಸವಾಗಿದೆ. ಇದಕ್ಕೆ ಸಂಭಾವನೆ ಕೊಡುವವರಿಲ್ಲವಾದ್ದರಿಂದ ಬಾಕಿಯ ಪತ್ರ ಬರೆಯುವ ತಾಪತ್ರಯವೂ ಇಲ್ಲ.

ಈಚೆಗೆ ಅಂಥದೊಂದು ಲಲತ್ ಹಿಡಿದುಕೊಂಡು ಮಾಳಮಡ್ಡಿಯ ಇಬ್ಬರು ಹಿರಿಯರ ಮುಂದೆ ಕೂತಿದ್ದೆ. ಇಬ್ಬರೂ ಆ ಮೈಫಿಲ್‌ನಲ್ಲಿ ಇದ್ದವರು ಎಂದು ಇಬ್ಬರೂ ಹೇಳುತ್ತಾರೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದ ಮೇಲೆ ಒಬ್ಬರು ಬೆರಳೆತ್ತಿದರು.

"ಇದು ಬೆಳಗಾವಿ ಕೈ. ಎಷ್ಟು ತಡದು ತಡದು ಬಾರಸ್ತಾನ ನೋಡು."

"ಬೆಳಗಾವಿ ಎಲ್ಲಿಂದೋ ಮಾರಾಯಾ! ಇದು ಹುಬ್ಬಳ್ಳಿ. ಅಂವ ನಮ್ಮ ಮನೀಗೆ ಎಷ್ಟ ಸರ್ತೆ ಊಟಕ್ಕ ಬಂದಾನ."

"ಊಟಕ್ಕ ಬಂದ್ರ ಪೇಟಿ ಬಾರಿಸಿಧಂಗ ಆತೇನು?"

"ನೀ ಅವತ್ತ ಹಿಂದ ಗ್ವಾಡಿಗೆ ಆನಿಕೊಂಡು ನಿದ್ದಿ ಹೊಡದಿ. ನನಗ ನೆನಪದ."

ಚಹಾ ಬಂತು, ಅವಲಕ್ಕಿ ಬಂತು, ಲಲತ್ ಎರಡನೆಯ ಸಲ ಮೊದಲಿನಿಂದ ಆಯಿತು. ನಾನು ಪೆನ್ನು ಹಿಡಿದೇ ಇದ್ದೆ. ಕೊನೆಗೆ ಇಬ್ಬರೂ ಒಂದು ಹೆಸರನ್ನು ಒಪ್ಪಿ, ಬರಕೋ ಅಂದರು. ಅದು ತಬಲಾದವರದು. ಅದನ್ನು ನಾನು ಕೇಳಿರಲಿಲ್ಲ.