ಕ್ರಷರ್ ಪಕ್ಕದ ಬಾಣಂತನ

ಮಧುಗಿರಿ ಸೀಮೆಯಲ್ಲಿ ಮಳೆಗೆ ಬರವಿದ್ದೀತು, ಬಂಡೆಗಿಲ್ಲ. ಊರಿನ ನೆತ್ತಿಯ ಮೇಲೆ ಕೂತಿರುವ ಏಕಶಿಲಾ ಬೆಟ್ಟಕ್ಕೇನೋ ಕೋಟೆಯ ಕಾವಲಿದೆ, ಹತ್ತಿ ಇಳಿಯುವ ಪ್ರವಾಸಿಗರ ಮರ್ಯಾದೆಯೂ ಇದೆ. ಸುತ್ತಲಿನ ಹೆಸರಿಲ್ಲದ ಗುಡ್ಡಗಳಿಗೆ ಅವೆರಡೂ ಇಲ್ಲ. ಅವು 20 ಎಂಎಂ, 40 ಎಂಎಂ, ಎಂ ಸ್ಯಾಂಡ್ ಎಂದು ಹೊಸ ಹೆಸರಿಟ್ಟುಕೊಂಡು ಟಿಪ್ಪರ್ ಹತ್ತಿ ಬೆಂಗಳೂರಿಗೆ ಹೋಗಿ ಅಪಾರ್ಟ್‌ಮೆಂಟ್ ಆಗುತ್ತವೆ. ಹಳ್ಳಿ ಹುಡುಗರೂ ಅದೇ ದಾರಿಯಲ್ಲಿ ಹೋಗುವುದರಿಂದ ಗುಡ್ಡಗಳನ್ನು ಯಾರೂ ತಡೆದು ಕೇಳುವುದಿಲ್ಲ.

ನಾನು ಓಡಾಡುವ ದಾರಿಯಲ್ಲೂ ಒಂದು ಕ್ರಷರ್ ಇದೆ. ಅದರ ಧೂಳು ಕುಡಿದು ಬೇಲಿಯ ಜಾಲಿ, ಬಸ್ ಸ್ಟಾಪಿನ ಬೆಂಚು, ಬೆಂಚಿನ ಮೇಲಿನ ಮುದುಕರು ಎಲ್ಲರೂ ಒಂದೇ ಬಣ್ಣಕ್ಕೆ ತಿರುಗಿದ್ದಾರೆ. ಆ ಗಡಗಡ ಸದ್ದಿಗೆ ಎದುರಾಗಿ ನಿಂತು ಜಗಳ ಕಾಯುವ ತಾಕತ್ತು ಇಡೀ ಬಯಲಲ್ಲಿ ಒಂದೇ ಜೀವಕ್ಕಿರುವುದು. ಅದು ಟಿಟ್ಟಿಭ. ಕೆಂಪು ಕೊಕ್ಕು, ಹಳದಿ ಕಾಲು, ಹಗಲು ರಾತ್ರಿ ಎನ್ನದೆ ಕೂಗುವ ಗಂಟಲು. ಇಂಗ್ಲಿಷಿನವರ ಕಿವಿಗೆ ಅದು ‘ಡಿಡ್ ಹಿ ಡು ಇಟ್’ ಎಂದು ಕೇಳಿತಂತೆ. ಕ್ವಾರಿಯ ಪಕ್ಕದಲ್ಲಿ ನಿಂತು ಕೇಳಿದರೆ ಪ್ರಶ್ನೆ ಸರಿಯಾಗಿಯೇ ಇದೆ.

‘ಇದಕ್ಕೆ ತಲೆ ಕೆಟ್ಟಿದೆ ಸಾರ್, ಇಷ್ಟು ದೊಡ್ಡ ಬಯಲು ಬಿಟ್ಟು ಜಲ್ಲಿ ಮೇಲೆ ಮೊಟ್ಟೆ ಇಟ್ಟಿದೆ’ ಎಂದರು ಅಲ್ಲಿನ ಸೂಪರ್‌ವೈಸರ್. ತೋರಿಸಿ ಅಂದೆ. ತೋರಿಸಿದರು, ಆದರೂ ಕಾಣಲಿಲ್ಲ. ಬೆರಳು ಇನ್ನಷ್ಟು ಹತ್ತಿರ ಹೋದಮೇಲೆ ನಾಲ್ಕು ಕಲ್ಲುಗಳು ಮೊಟ್ಟೆಗಳಾದವು. ಬೂದು ಮಿಶ್ರಿತ ಕಂದು ಬಣ್ಣದ ಮೇಲೆ ಕಪ್ಪು ಮಚ್ಚೆ, ಚೂಪು ತುದಿಗಳೆಲ್ಲ ಒಳಮುಖ. ಗೂಡು ಅಂತ ಏನೂ ಇಲ್ಲ. ಒಂದು ಸಣ್ಣ ತಗ್ಗು, ಸುತ್ತ ಅಂಗೈಗೆ ಸಿಗುವಷ್ಟು ಹರಳು, ಎರಡು ಆಡಿನ ಹಿಕ್ಕೆ.

ಹಕ್ಕಿಯ ತಲೆ ನೆಟ್ಟಗೇ ಇದೆ. ಬೋಳು ನೆಲ, ಕಲ್ಲು, ನಾಲ್ಕೂ ದಿಕ್ಕಿಗೆ ಹರಿಯುವ ನೋಟ, ಪಕ್ಕದಲ್ಲೊಂದಿಷ್ಟು ನೀರು: ಇಷ್ಟೇ ಅದರ ಬೇಡಿಕೆ. ಕ್ವಾರಿಯವರು ಇಷ್ಟನ್ನೂ ಅರ್ಜಿಯಿಲ್ಲದೆ ಒದಗಿಸಿದ್ದಾರೆ. ಹೊಂಡದ ನೀರಿಗೂ ಕೆಲಸವಿದೆ. ಏಪ್ರಿಲ್ ಮಧ್ಯಾಹ್ನ ಜಲ್ಲಿ ಕಾದು ಮೊಟ್ಟೆ ಬೆಂದೇ ಹೋಗಬೇಕು. ಆಗ ತಂದೆತಾಯಿ ಸರದಿಯ ಮೇಲೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಕಾವು ಕೊಡುವುದು ಅನ್ನುತ್ತೇವೆ, ನಮ್ಮ ಬಿಸಿಲಲ್ಲಿ ಅದು ತಂಪು ಕೊಡುವ ಕೆಲಸ. ಹೀಗೆ ಸುಮಾರು ನಾಲ್ಕು ವಾರ.

ಹದ್ದು, ಕಾಗೆ, ಮುಂಗುಸಿಯ ಕಣ್ಣಿಗೆ ಮಣ್ಣೆರಚುವ ಈ ಮಚ್ಚೆಯ ವಿದ್ಯೆ ಟಿಪ್ಪರ್ ಚಕ್ರದ ಮುಂದೆ ನಡೆಯದು. ಕಾಣದಿರುವುದೇ ಇಲ್ಲಿ ಸಾವು. ಪಂಚತಂತ್ರದ ಟಿಟ್ಟಿಭದ ಮೊಟ್ಟೆಯನ್ನು ಸಮುದ್ರ ಕದ್ದಾಗ ಅದು ಗರುಡನಿಗೆ ದೂರು ಕೊಟ್ಟಿತು. ಗರುಡನ ಮೂಲಕ ವಿಷ್ಣುವಿಗೆ ಸುದ್ದಿ ಮುಟ್ಟಿ, ಸಮುದ್ರ ತೆಪ್ಪಗೆ ಮೊಟ್ಟೆ ವಾಪಸು ಕೊಟ್ಟಿತು. ಈಗ ಕಡತಗಳ ಕಾಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ‘ಬೇಟೆ’ ಎಂಬುದರೊಳಗೆ ಹಕ್ಕಿಯ ಮೊಟ್ಟೆ ಹಾಳುಮಾಡುವುದು, ಗೂಡು ಕೆದಕುವುದು ಕೂಡ ಸೇರಿದೆ. ರಿವರ್ಸ್ ಗೇರಿನಲ್ಲಿರುವ ಡ್ರೈವರ್‌ಗೆ ತಾನು ಬೇಟೆಗಾರನಾಗಿರಬಹುದು ಎಂದು ಹೊಳೆಯುವುದಾದರೂ ಹೇಗೆ?

ಇಂಗ್ಲೆಂಡಿನಲ್ಲಿ ಹಕ್ಕಿ ಮತ್ತು ಗಣಿಯ ಈ ಕತೆಗೊಂದು ಸೊಗಸಾದ ತಿರುವು ಸಿಕ್ಕಿತು. ಲಿಟಲ್ ರಿಂಗ್ಡ್ ಪ್ಲವರ್ ಎಂಬ ಗುಬ್ಬಿಗಿಂತ ತುಸು ದೊಡ್ಡ ಹಕ್ಕಿ ಬ್ರಿಟನ್ನಿನಲ್ಲಿ ಮೊದಲು ಗೂಡು ಮಾಡಿದ್ದು 1938ರಲ್ಲಿ, ಟ್ರಿಂಗ್ ಎಂಬಲ್ಲಿನ ಬತ್ತಿದ ಜಲಾಶಯದ ತಳದಲ್ಲಿ. ಮಹಾಯುದ್ಧದ ನಂತರ ಕಾಂಕ್ರೀಟಿಗಾಗಿ ಊರೂರಲ್ಲಿ ಜಲ್ಲಿಹೊಂಡ ತೋಡಿದಾಗ, ಹಕ್ಕಿ ಹೊಂಡದಿಂದ ಹೊಂಡಕ್ಕೆ ಹಾರಿ ದೇಶದುದ್ದಕ್ಕೂ ಸಂಸಾರ ಹೂಡಿತು. ಗಣಿ ಅದನ್ನು ಓಡಿಸಲಿಲ್ಲ, ಕರೆಯಿತು. ಅಲ್ಲಿನ ರೂಢಿಯೂ ಸರಳ: ಈ ಬೇಸಿಗೆಯಲ್ಲಿ ಅಗೆಯಲೇಬೇಕಾದ ಜಾಗವನ್ನು ಹಕ್ಕಿ ಬರುವ ಮೊದಲೇ ಕೆದಕಿಟ್ಟು ಅದು ಕೂರದಂತೆ ಮಾಡುವುದು, ಕೂತುಬಿಟ್ಟರೆ ಮರಿ ಹೋಗುವ ತನಕ ಬೇರೆ ಮೂಲೆಯಲ್ಲಿ ಅಗೆಯುವುದು.

ನಮ್ಮ ಸೂಪರ್‌ವೈಸರ್ ಯಾವ ಪುಸ್ತಕವನ್ನೂ ಓದದೆ ಇಲ್ಲಿಗೇ ಬಂದು ಮುಟ್ಟಿದ್ದರು. ಮೊಟ್ಟೆಯಿದ್ದ ಜಲ್ಲಿರಾಶಿಯ ಸುತ್ತ, ಸಾಕಷ್ಟು ದೂರದಲ್ಲಿ, ನಾಲ್ಕು ಖಾಲಿ ಡ್ರಮ್ ಇಡಿಸಿದ್ದರು. ಹತ್ತಿರಕ್ಕೆ ಕೆಂಪು ಬಾವುಟ ನೆಟ್ಟರೆ ಹುಡುಗರಿಗೂ ಕಾಗೆಗೂ ವಿಳಾಸ ಕೊಟ್ಟಂತಾಗುತ್ತದೆ ಎಂಬುದು ಅವರ ಲೆಕ್ಕ. ‘ಇನ್ನೂ ಹತ್ತು ರಾಶಿ ಬಿದ್ದಿವೆ, ಇದೊಂದು ಬಾಣಂತನ ಮುಗಿಸಲಿ.’ ಮಾಲೀಕರು ಒಪ್ಪಿದರೇ? ‘ಅವರಿಗೆ ಮೊಟ್ಟೆ ಕಾಣಲ್ಲ, ಡ್ರಮ್ ಕಾಣುತ್ತೆ. ಡೀಸೆಲ್ ಡ್ರಮ್ ಅಂದ್ಕೊಂಡಿದ್ದಾರೆ.’

ನನ್ನ ತಕರಾರು ಟಿಪ್ಪರ್ ಮೇಲಿರುವುದಕ್ಕಿಂತ ಹೆಚ್ಚಾಗಿ ಸಸಿಯ ಮೇಲಿದೆ. ಹೀಗೆ ಬರೆದರೆ ಬೈಸಿಕೊಳ್ಳುತ್ತೇನೆ, ಬೈಯಲಿ. 2012ರಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಸಣ್ಣ ಕ್ವಾರಿಗಳಿಗೂ ಪರಿಸರ ಅನುಮತಿ ಬೇಕೆಂದಿತು, ಒಳ್ಳೆಯದೇ ಆಯಿತು. ಅನುಮತಿಯ ಜೊತೆ ಹಸಿರು ಪಟ್ಟಿಯ ಷರತ್ತು ಬರುತ್ತದೆ. ಧೂಳು ತಡೆಯಲು ಬೇಲಿಯುದ್ದಕ್ಕೂ ಮರವಿದ್ದರೆ ಬೇಡ ಎನ್ನುವವನಲ್ಲ. ಆದರೆ ಉತ್ಸಾಹ ಬೇಲಿಯಲ್ಲಿ ನಿಲ್ಲುವುದಿಲ್ಲ. ಪಕ್ಕದ ಗೋಮಾಳ, ಹಾಳುಬಿದ್ದ ಕಲ್ಲುಬಯಲು, ಕುರುಚಲು ಹುಲ್ಲು, ಎಲ್ಲ ಕಡೆ ಗುಂಡಿ ತೋಡಿ ಅಕೇಷಿಯಾ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಮೊದಲೇ ನೆಲಗುಬ್ಬಿ, ಗೌಜಲು, ಲಾವುಗೆ, ನತ್ತಿಂಗಗಳ ಒಕ್ಕಲಿತ್ತು. ಬಯಲು ನಂಬಿದ ಹಕ್ಕಿಗೆ ಮರ ಎಂದರೆ ಕಾಗೆಯ ಕಾವಲುಗೋಪುರ. ಸರ್ಕಾರದ ನಕ್ಷೆಯೂ ಇಂಥ ಹುಲ್ಲುಗಾವಲನ್ನು ಬಂಜರು ಎಂದೇ ಗುರುತು ಹಾಕುತ್ತ ಬಂದಿದೆ. ಇದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ನೆಗೆಯುವುದು ಅಂಥದೇ ‘ಬಂಜರಿನಲ್ಲಿ’. ಅವಕ್ಕೆ ಕೊಂಬಿದೆ, ಅಂದವಿದೆ, ಆದ್ದರಿಂದ ರಕ್ಷಣೆ ಸಿಕ್ಕಿತು. ಆಡಿನ ಹಿಕ್ಕೆಯ ಪಕ್ಕ ಮೊಟ್ಟೆ ಇಡುವವರ ಪರವಾಗಿ ವಾದಿಸುವುದು ಕಷ್ಟ.

ಕಲ್ಲು ಮುಗಿದ ಕ್ವಾರಿಯನ್ನೂ ಅವಸರದಲ್ಲಿ ಮುಚ್ಚಿ ಸಮ ಮಾಡಬೇಕಿಲ್ಲ. ಜನ ಜಾನುವಾರು ಬೀಳದಂತೆ ಭದ್ರ ಬೇಲಿ ಇರಲಿ, ಅಷ್ಟು ಸಾಕು. ಪಾಳುಬಿದ್ದ ಕ್ವಾರಿಯ ಕಡಿದಾದ ಅಟ್ಟಣೆಯಲ್ಲಿ ಕೊಂಬಿನ ಗೂಬೆ ಮರಿ ಮಾಡುತ್ತದೆ, ಮಣ್ಣಿನ ಗೋಡೆಯಲ್ಲಿ ಕಳ್ಳಿಪೀರ ತೂತು ಕೊರೆಯುತ್ತದೆ.

ಮೊಟ್ಟೆ ಒಡೆದು ಮರಿಗಳು ಬಂದ ಮೇಲೆ ಡ್ರಮ್ಮಿನ ವ್ಯವಸ್ಥೆಯೂ ಕೆಲಸಕ್ಕೆ ಬರಲಿಲ್ಲ. ಟಿಟ್ಟಿಭದ ಮರಿ ಗೂಡಲ್ಲಿ ಬಾಯ್ದೆರೆದು ಕೂರುವ ಜಾತಿಯಲ್ಲ. ಪುಕ್ಕ ಒಣಗಿದ ಸ್ವಲ್ಪ ಹೊತ್ತಿಗೇ ನಡೆದುಬಿಡುತ್ತದೆ, ತಾಯಿ ಕಿರುಚಿದರೆ ನೆಲಕ್ಕಂಟಿ ಕಲ್ಲಾಗುತ್ತದೆ. ಆ ಕಲ್ಲುಗಳು ವೇಬ್ರಿಡ್ಜ್ ಕಡೆಗೆ ಹೊರಟಾಗ ಟಿಪ್ಪರ್‌ಗಳು ಸಾಲಾಗಿ ನಿಂತವು, ಹಿಂದಿನವರು ಹಾರ್ನ್ ಹೊಡೆದರು, ಟಿಟ್ಟಿಭ ಅವರಿಗಿಂತ ಜೋರಾಗಿ ಹೊಡೆಯಿತು. ದಾಟಿದ ಮೇಲೆ ಸೂಪರ್‌ವೈಸರ್ ಹೊಸ ಚಿಂತೆ ತೆಗೆದರು. ಆಚೆಯ ಕಲ್ಲುಬಯಲಿಗೆ ಈ ಸಲ ಸಸಿ ನೆಡದೆ ಹಾಗೇ ಬಿಡೋಣ ಅಂತಿದ್ದಾರೆ, ಆದರೆ ತಪಾಸಣೆಗೆ ಬಂದವರಿಗೆ ಏನು ತೋರಿಸುವುದು? ನಮೂನೆ ತಂದು ನನ್ನ ಮುಂದಿಟ್ಟರು. ಅದರಲ್ಲಿದ್ದದ್ದು ಎರಡೇ ಕಾಲಂ: ನೆಟ್ಟ ಸಸಿಗಳು, ಬದುಕಿದ ಸಸಿಗಳು.